ಗಡಸಾಗದ ಕಬ್ಬಿಣ

ಥರ್ಲ್‌ಬಿ ತಾನಾಗಿಯೇ ಸೆಲೀನಾಳ ಕುಲುಮೆಯ ಬಾಗಿಲಿಗೆ ಬಂದು ನಿಂತಾಗ, ದೇವರು ಇದ್ದಾನೆ ಅಂತ ಅವಳಿಗೆ ಮೊದಲ ಸಲ ಅನ್ನಿಸಿತು. ಹನ್ನೆರಡು ವರ್ಷ ಹಲ್ಲು ಕಚ್ಚಿಕೊಂಡು ಕಾದಿದ್ದಳು.

ಅವಳಪ್ಪ ಜೇಬೆಜ್ ಸ್ಟಾನಿಫೋರ್ತ್ ಚಾಕುಗಳಿಗೆ ಹದ ಹಾಕುವುದರಲ್ಲಿ, ಅಂದರೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡುವುದರಲ್ಲಿ, ಷೆಫೀಲ್ಡ್ ಊರಿಗೇ ಎತ್ತಿದ ಕೈ. ತುಕ್ಕು ಹಿಡಿಯದ ಉಕ್ಕು ಹೊಸದಾಗಿ ಬಂದಾಗ, ಇದನ್ನು ಚೆರ್ರಿ ಕೆಂಪಿಗೆ ಕಾಯಿಸಿದರೆ ಸಾಲದು, ಕಿತ್ತಳೆ ದಾಟಿ ಹಳದಿಗೆ ತಿರುಗಬೇಕು ಎಂದು ಚಾಕು ಕಾರ್ಖಾನೆಯ ಧಣಿ ಥರ್ಲ್‌ಬಿಯ ಹತ್ತಿರ ಬಡಕೊಂಡಿದ್ದ. ಅಜ್ಜನ ಕಾಲದಿಂದ ಚೆರ್ರಿ ಕೆಂಪೇ ಸಾಕಾಗಿದೆ ಎಂದು ಥರ್ಲ್‌ಬಿ ಕುಲುಮೆಗೆ ಹೆಚ್ಚು ಕೋಕ್ ಇದ್ದಿಲು ಹಾಕಲು ಬಿಡಲಿಲ್ಲ. ಚಾಕುಗಳು ಬ್ರೆಡ್ಡನ್ನೂ ಕುಯ್ಯಲಿಲ್ಲ. ಆಗ ಥರ್ಲ್‌ಬಿ ತನ್ನ ಕಾರ್ಖಾನೆಯ ಅಂಗಳದಲ್ಲಿ ಎಲ್ಲರೆದುರು ಒಂದು ಚಾಕು ಬಗ್ಗಿಸಿ ತೋರಿಸಿ, ಜೇಬೆಜ್ ಹಗೆಗೆ ಬೇಕಂತಲೇ ಮಾಲು ಕೆಡಿಸಿದ್ದಾನೆ ಎಂದುಬಿಟ್ಟ. ಮತ್ತೆ ಊರಲ್ಲಿ ಯಾರೂ ಜೇಬೆಜನನ್ನು ಕೆಲಸಕ್ಕೆ ಕರೆಯಲಿಲ್ಲ. ಅಡುಗೆಮನೆಯ ಕುರ್ಚಿಯಲ್ಲಿ ಕೂತೇ ಮಗಳಿಗೆ ವಿದ್ಯೆಯೆಲ್ಲ ಬಾಯಲ್ಲಿ ಹೇಳಿಕೊಟ್ಟ. ಹೆಂಗಸಿಗೇಕೆ ಕುಲುಮೆ ಎಂದು ನಕ್ಕವರೇ ಈಗ ಅವಳ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು.

ಥರ್ಲ್‌ಬಿಯ ಹದಗಾರ ಹಾಸಿಗೆ ಹಿಡಿದಿದ್ದ. ಹಡಗು ಕಂಪನಿಯ ಖರೀದಿದಾರ ಶನಿವಾರ ಮಧ್ಯಾಹ್ನ ಬರುವವನಿದ್ದ. ಅಷ್ಟರೊಳಗೆ ಹದ ಹಾಕಿಕೊಡು ಎಂದು ಥರ್ಲ್‌ಬಿ ಅಲಗುಗಳ ಪೆಟ್ಟಿಗೆ ಇಳಿಸಿದ.

"ಅಪ್ಪನ ಹಾಗೆ ಕೈಕೊಡಲ್ಲ ತಾನೇ, ಹುಡುಗಿ?"

"ಉಕ್ಕು ಎಲ್ಲಿಂದ ತಂದ್ರಿ, ಯಜಮಾನ್ರೇ?"

"ಅಗ್ಗಕ್ಕೆ ಸಿಕ್ತು. ಆದ್ರೆ ನನಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ! ಅಯಸ್ಕಾಂತ ಹಿಡಿದು ನೋಡಿದೀನಿ, ಗಪ್ಪಂತ ಅಂಟುತ್ತೆ. ಚಮಚ ಮಾಡೋ, ಗಡಸಾಗದ ಉಕ್ಕಾಗಿದ್ರೆ ಅಂಟ್ತಿತ್ತಾ?"

ಅವನು ಹೋದ ಮೇಲೆ ಸೆಲೀನಾ ಒಂದು ಅಲಗಿನ ಬುಡವನ್ನು ಸಾಣೆಕಲ್ಲಿಗೆ ತಾಗಿಸಿದಳು. ಕಿಡಿಗಳು ಮಂಕಾಗಿ ಹಾರಿ ಸುಮ್ಮನೆ ಸತ್ತವು, ತುದಿಯಲ್ಲಿ ಒಂದೂ ಹೂವಾಗಿ ಬಿರಿಯಲಿಲ್ಲ. ಇದರಲ್ಲಿ ಗಡಸಾಗಲು ಬೇಕಾದ ಇಂಗಾಲ ಇಲ್ಲ. ಪಾತ್ರೆ ತೊಳೆಯುವ ತೊಟ್ಟಿಗೆ, ಮೋಟಾರು ಕಾರಿನ ಅಂಚುಪಟ್ಟಿಗೆ ಹೋಗುವ ಕಬ್ಬಿಣ ಇದು. ತುಕ್ಕು ಹಿಡಿಯುವುದಿಲ್ಲ, ಚಾಕುವಿನ ಉಕ್ಕಿನಂತೆಯೇ ಅಯಸ್ಕಾಂತಕ್ಕೂ ಅಂಟುತ್ತದೆ. ಆದರೆ ನರಕದ ಬೆಂಕಿಯಲ್ಲಿ ಕಾಯಿಸಿದರೂ ಗಡಸಾಗುವುದಿಲ್ಲ.

ಪ್ರತಿ ಅಲಗಿನ ಮೇಲೂ ಥರ್ಲ್‌ಬಿಯ ಹೆಸರು ಆಗಲೇ ಒತ್ತಲಾಗಿತ್ತು, ಮಾಲು ತನ್ನದಲ್ಲ ಎನ್ನಲು ಅವನಿಗೆ ದಾರಿಯಿರಲಿಲ್ಲ. ಗಡಸಾದ ಮೇಲೆ ಮುದ್ರೆ ಕೂರುವುದಿಲ್ಲವೆಂದು ಹದಕ್ಕೆ ಮೊದಲೇ ಹೆಸರು ಒತ್ತುವುದು ಊರಿನ ಪದ್ಧತಿ. ಈಗಲೇ ಹೇಳಿದರೆ ಬೇರೆ ಉಕ್ಕು ತರಿಸಲು ಅವನಿಗೆ ನಾಲ್ಕು ದಿನವಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಕುಲುಮೆ ಹೊತ್ತಿಸಿದಳು. ಒಳ್ಳೆ ಉಕ್ಕಿನ ತನ್ನದೊಂದು ಅಲಗನ್ನೂ ಅದೇ ತಟ್ಟೆಯಲ್ಲಿ ಕಾಯಿಸಿ, ಅದೇ ಎಣ್ಣೆಯಲ್ಲಿ ಅದ್ದಿದಳು.

ಶನಿವಾರ ಕೂಲಿ ಬಟವಾಡೆಯ ಹೊತ್ತು, ಥರ್ಲ್‌ಬಿಯ ಅಂಗಳ ಕೆಲಸಗಾರರಿಂದ ತುಂಬಿತ್ತು. ಖರೀದಿದಾರ ಒಂದು ಅಲಗು ಎತ್ತಿ ಬಗ್ಗಿಸಿದ. ಹದ ಕೂತಿದ್ದರೆ ಚಿಮ್ಮಿ ನೇರವಾಗಬೇಕಿತ್ತು, ಅದು ಬಗ್ಗಿದ್ದು ಬಗ್ಗಿದ ಹಾಗೇ ಉಳಿಯಿತು. ಇನ್ನೊಂದೂ ಅಷ್ಟೇ, ಮತ್ತೊಂದೂ ಅಷ್ಟೇ.

ಥರ್ಲ್‌ಬಿ ಕೆಂಪಗಾದ. "ಇವಳು ಬೇಕಂತಲೇ ಕೆಡಿಸಿದಾಳೆ! ಅಪ್ಪನಂಥದೇ ಸಂತಾನ!"

ಸೆಲೀನಾ ತನ್ನ ಅಲಗನ್ನೂ ಒಂದು ಅರವನ್ನೂ ಖರೀದಿದಾರನ ಕೈಗೆ ಕೊಟ್ಟಳು. "ಅದೇ ಬೆಂಕಿ, ಅದೇ ಎಣ್ಣೆ, ಸ್ವಾಮಿ. ಉಜ್ಜಿ ನೋಡಿ."

ಅವಳ ಅಲಗಿನ ಮೇಲೆ ಅರ ಜಾರಿತು, ಗೀರೂ ಬೀಳಲಿಲ್ಲ. ಥರ್ಲ್‌ಬಿಯ ಅಲಗಿನ ಮೇಲೆ ಎಳೆದರೆ ಪುಡಿ ಉದುರಿತು.

"ಹದದಲ್ಲಿ ತಪ್ಪಿಲ್ಲ ಕಣಯ್ಯ, ನಿನ್ನ ಮಾಲೇ ಸರಿಯಿಲ್ಲ," ಎಂದ ಮುದಿ ಸಾಣೆಗಾರನೊಬ್ಬ. "ಜೇಬೆಜ್ ಮೇಲೂ ಇದೇ ಮಾತು ಹೇಳಿದ್ಯಲ್ಲ! ಅವತ್ತು ಬೆಂಕಿ ಯಾವ ಬಣ್ಣಕ್ಕೆ ನಿಲ್ಸಿದ್ದೆ? ಈಗ ಬಾಯಿ ಬಿಡು."

ಕೆಲಸಗಾರರೆಲ್ಲ ಹತ್ತಿರ ಸರಿದು ಸುತ್ತುಗಟ್ಟಿದರು. ಖರೀದಿದಾರ ಆಗಲೇ ಟೋಪಿ ಇಟ್ಟುಕೊಂಡು ಹೊರಟಿದ್ದ. "ಚೆರ್ರಿ ಕೆಂಪು," ಎಂದ ಥರ್ಲ್‌ಬಿ, ನೆಲ ನೋಡುತ್ತ. ಆ ಎರಡು ಮಾತು ಕೇಳಿ ಸೆಲೀನಾಳಿಗೆ ಹೊಟ್ಟೆ ತುಂಬಿದಂತಾಯಿತು.

ಮನೆಗೆ ಓಡಿ ಬಂದು ಅಪ್ಪನಿಗೆ ಎಲ್ಲ ಹೇಳಿದಳು. ಅವನು ನಗಲಿಲ್ಲ.

"ಅದು ಗಡಸಾಗದ ಕಬ್ಬಿಣ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನವೇ."

"ಗೊತ್ತಿದ್ದೂ ಬೆಂಕಿಗೆ ಹಾಕಿದ್ಯಾ? ಹದಗಾರ್ತಿ ಮಾಡೋ ಕೆಲಸವೇನೇ ಅದು? ನಾನು ಮಾಡ್ದೆ ಅಂತ ಅವನು ಹೇಳಿದ್ದೂ ಅದೇ ತಾನೇ?"

"ಹೌದು. ನೀನು ಮಾಡಿರ್ಲಿಲ್ಲ, ನಾನು ಮಾಡ್ದೆ. ಸಮಯ ಬಂದ್ರೆ ಇನ್ನೊಂದ್ಸಲಾನೂ ಮಾಡ್ತೀನಿ."

ಜೇಬೆಜ್ ಮುಖ ತಿರುಗಿಸಿ ಕೂತ. ಅವಳು ಬ್ರೆಡ್ಡಿಗೆ ಕೊಬ್ಬು ಸವರಿ ಮುಂದಿಟ್ಟರೂ ಮುಟ್ಟಲಿಲ್ಲ. ಕೆಟಲು ಕುದಿಯಿತು, ಅವಳು ಚಹಾ ಬಸಿದಳು, ಅದೂ ಆರಿತು. ಆಮೇಲೆ ಅಪ್ಪ ಕುರ್ಚಿಯನ್ನು ನಿಧಾನವಾಗಿ ಮೇಜಿನ ಹತ್ತಿರ ಎಳೆದುಕೊಂಡ.

"ಚೆರ್ರಿ ಕೆಂಪು ಅಂದಾಗ," ಎಂದ, "ಅವನ ಮುಖ ಹೆಂಗಿತ್ತು? ನಿಧಾನವಾಗಿ ಹೇಳು."