ಮಾತು ನಿಂತ ದ್ವಿತೀಯಾರ್ಧ

ನೋಡಿದ ಸಿನಿಮಾಗಳ ಬಗ್ಗೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆಯುವ ಚಟ ನನಗೆ ಯಾವಾಗ ಅಂಟಿತೋ ನೆನಪಿಲ್ಲ. ಬರೆ ಎಂದು ಯಾರೂ ಕೇಳಿರಲಿಲ್ಲ. ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುವುದು ನನ್ನ ಕೆಲಸ. ಅಲ್ಲಿ ಇಡೀ ದಿನ ಮಾತಾಡುವ ಹಾಗಿಲ್ಲ. ಮನೆಗೆ ಬಂದರೆ ಅಪ್ಪ ಅಮ್ಮ ಇಬ್ಬರೂ ಮಿತಭಾಷಿಗಳು. ಹಾಗಾಗಿ ನಾನು ಮಾತಾಡುವುದೇನಿದ್ದರೂ ಆ ಗುಂಪಿನಲ್ಲಿ, ಅದೂ ಸಿನಿಮಾದ ನೆಪದಲ್ಲಿ.

ನನ್ನ ರುಚಿ ಎಲ್ಲರಿಗೂ ಗೊತ್ತಿತ್ತು. ಗಡಿಯಾರ ರಿಪೇರಿಯವನ ಕೊಲೆಯ ಕತೆಯೊಂದನ್ನು ನೋಡಿ, ಕೊಂದವರು ಯಾರೆಂಬುದನ್ನು ಬಿಟ್ಟು, ಪೊಲೀಸರು ಹೋದ ಮೇಲೆ ಖಾಲಿ ಅಂಗಡಿಯನ್ನು ಸುಮ್ಮನೆ ತೋರಿಸಿದ ಆ ಒಂದು ಗಳಿಗೆಯ ಬಗ್ಗೆಯೇ ಬರೆದಿದ್ದೆ. ಅಕ್ಕಪಕ್ಕದ ಮನೆಯವರ ಜಗಳದ ಹಾಸ್ಯಚಿತ್ರಕ್ಕೆ, ಎಲ್ಲರೂ ಒಂದೇ ಸಮ ಮಾತಾಡುತ್ತಾರೆ, ನಗುವುದಕ್ಕೂ ಬಿಡುವು ಕೊಡುವುದಿಲ್ಲ ಎಂದು ಬರೆದಿದ್ದೆ. ಅಮ್ಮನ ಅಣ್ಣ, ನಮ್ಮ ದೊಡ್ಡಮಾವ, ನನಗೆ 'ಮೌನಮ್ಮ' ಎಂದು ಹೆಸರಿಟ್ಟಿದ್ದರು. ಇವಳು ಹೊಗಳಿದ ಸಿನಿಮಾಕ್ಕೆ ದಿಂಬು ಇಟ್ಟುಕೊಂಡೇ ಕೂರಬೇಕು ಎನ್ನುತ್ತಿದ್ದರು. ನಾನು ಬೈದದ್ದನ್ನು ಎಲ್ಲರೂ ಹುಡುಕಿಕೊಂಡು ಹೋಗಿ ನೋಡುತ್ತಿದ್ದರು, ಹೊಗಳಿದ್ದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ನನಗೆ ಅದರಲ್ಲೂ ಒಂದು ಜಂಬವಿತ್ತು.

ಓದಿ ಏನಾದರೂ ಹೇಳುತ್ತಿದ್ದವಳು ಚಿಕ್ಕಮ್ಮ ಒಬ್ಬಳೇ. ಅಮ್ಮನ ತಂಗಿ. ಸಿನಿಮಾಗಳಿಗೆ ದನಿ ಕೊಡುವುದು ಅವಳ ಕಸುಬು. ದನಿ ಕೊಡುವುದೆಂದರೆ ನಾಯಕಿಗಲ್ಲ. ಗುಂಪಿನ ದನಿ. ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವ ಹೆಂಗಸರು, ಬಸ್ಸು ತಪ್ಪಿಸಿಕೊಂಡವಳು, ಆಸ್ಪತ್ರೆಯ ಬಾಗಿಲಲ್ಲಿ ಅಳುವವರು, ಆಗಷ್ಟೇ ಹುಟ್ಟಿದ ಮಗು, ಎಲ್ಲ ಅವಳೇ. ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಾಲ್ಕೈದು ಜನ ನಿಂತು ಒಂದು ಊರಾಗುವ ಕೆಲಸ. ನಾನು ಚಿಕ್ಕವಳಿದ್ದಾಗ ಅಮ್ಮ ಕೆಲಸಕ್ಕೆ ಹೋದ ಮೇಲೆ ನನಗೆ ಉಣ್ಣಿಸುತ್ತಿದ್ದವಳೂ ಅವಳೇ. ಒಂದೊಂದು ತುತ್ತಿಗೆ ಒಂದೊಂದು ದನಿ.

ತಾನು ಕೆಲಸ ಮಾಡಿದ ಸಿನಿಮಾ ಯಾವುದೆಂದು ಅವಳು ಮನೆಯಲ್ಲಿ ಹೇಳುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಆ ಕಸುಬಿನಲ್ಲಿ ಇವತ್ತು ಕೊಟ್ಟ ದನಿ ನಾಳೆ ಇರುತ್ತದೆಂಬ ಖಾತ್ರಿ ಇಲ್ಲ. ಹಿಡಿಸದಿದ್ದರೆ ಬೇರೆಯವರನ್ನು ಕರೆದು ಮತ್ತೆ ಮಾಡಿಸುತ್ತಾರೆ, ಮೊದಲಿನವರಿಗೆ ತಿಳಿಸುವುದಿಲ್ಲ, ಮೊದಲಿನವರು ಕೇಳುವ ಪದ್ಧತಿಯೂ ಇಲ್ಲ. ಇನ್ನು ತನ್ನ ದನಿಯಿರುವ ಸಿನಿಮಾವನ್ನು ಅವಳು ನೋಡುತ್ತಲೂ ಇರಲಿಲ್ಲ. ಒಮ್ಮೆ ಕೇಳಿಸಿಕೊಂಡರೆ ಮುಂದಿನ ಸಲ ಮೈಕಿನ ಮುಂದೆ ಗಂಟಲು ಬಿಗಿಯುತ್ತದೆ ಎನ್ನುತ್ತಿದ್ದಳು.

ಹೀಗಿರುವಾಗ ಒಂದು ದಿನ ಅವಳು ನನಗೊಬ್ಬಳಿಗೇ ಮೆಸೇಜು ಕಳಿಸಿದಳು. ಹೊಸದಾಗಿ ಬಂದ ಒಂದು ಸಿನಿಮಾದ ಹೆಸರು, ಕೆಳಗೆ, ಇದು ನಿನಗೆ ಹಿಡಿಸಬಹುದು, ನೋಡಿ ಬರಿ ಎಂದು. ನಾನು ಹೆಚ್ಚು ಯೋಚಿಸಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ತಾಯಿ, ತಂದೆ, ಸಣ್ಣ ಹುಡುಗಿ ಇರುವ ಒಂದು ಮನೆ. ತಾಯಿಗೆ ಕಾಯಿಲೆ. ಮೊದಲರ್ಧ ಸಾಧಾರಣವಾಗಿತ್ತು, ಸ್ವಲ್ಪ ಹೆಚ್ಚೇ ಮಾತು. ಸಿನಿಮಾದಲ್ಲಿ ತಾಯಿ ಸಾಯುವ ಹೊತ್ತಿಗೆ ನಮ್ಮ ಅಪ್ಪ ಒಳಗಿನಿಂದ ಬಂದು ದಿವಾನದ ಮೇಲೆ ಉರುಳಿಕೊಂಡರು. ಅವರ ನಿದ್ದೆ ಕೆಡಬಾರದೆಂದು ಸಿನಿಮಾ ನಿಲ್ಲಿಸಿ, ಇಯರ್‌ಫೋನ್ ಹುಡುಕಿ ತಂದು, ಚುಚ್ಚಿ ಮುಂದುವರಿಸಿದೆ.

ಆಮೇಲೆ ನಡೆದದ್ದು ನನ್ನನ್ನು ಅಲ್ಲಾಡಿಸಿತು. ಸಾವಾದ ಮೇಲೆ ಆ ಮನೆಯಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಗಾಳಿ ಇದೆ, ದೂರದ ವಾಹನಗಳಿವೆ, ತೆಳ್ಳಗೆ ಪಿಟೀಲಿನ ದನಿ ಇದೆ. ಜನ ಬರುತ್ತಾರೆ, ತುಟಿ ಆಡಿಸುತ್ತಾರೆ, ಹೋಗುತ್ತಾರೆ. ಹುಡುಗಿಯ ಅಜ್ಜಿ ಪೆಟ್ಟಿಗೆ ಹಿಡಿದುಕೊಂಡು ಬಂದು ಆ ಮನೆಯಲ್ಲೇ ಉಳಿಯುತ್ತಾಳೆ. ಹಾಸಿಗೆಯ ಅಂಚಿನಲ್ಲಿ ಕೂತು ಮೊಮ್ಮಗಳಿಗೆ ಬಹಳ ಹೊತ್ತು ಏನೋ ಹೇಳುತ್ತಾಳೆ. ಏನೆಂದು ನಮಗೆ ಕೇಳಿಸುವುದಿಲ್ಲ. ಹುಡುಗಿ ಮೊದಲು ಗೋಡೆ ನೋಡುತ್ತಿರುತ್ತದೆ, ಮೆಲ್ಲಗೆ ಅಜ್ಜಿಯ ಕಡೆ ತಿರುಗುತ್ತದೆ. ದುಃಖವಾದ ಮನೆಯಲ್ಲಿ ಮಾತುಗಳು ಹೀಗೇ ತಾನೇ, ತುಟಿಯವರೆಗೆ ಬಂದು ನಿಲ್ಲುತ್ತವೆ ಎಂದುಕೊಂಡೆ. ನನ್ನ ಕೆನ್ನೆ ಒದ್ದೆಯಾಗಿತ್ತು.

ಅಂದು ಸಂಜೆಯೇ ಬರೆದೆ. ನಾನು ಬರೆದವುಗಳಲ್ಲೇ ಉದ್ದನೆಯದು. ಕತೆಯ ನಟ್ಟನಡುವೆ ಮಾತನ್ನು ಕೈಬಿಡುವ ಎದೆಗಾರಿಕೆ ಎಷ್ಟು ನಿರ್ದೇಶಕರಿಗಿದೆ ಎಂದು ಕೇಳಿದೆ. 'ಆ ಅಜ್ಜಿಗೆ ದನಿಯನ್ನೇ ಕೊಡದಿರುವುದು ಈ ಸಿನಿಮಾದ ದೊಡ್ಡ ಗೆಲುವು. ದನಿ ಇದ್ದಿದ್ದರೆ ಅವಳು ನೂರಾರು ಸಿನಿಮಾ ಅಜ್ಜಿಯರಲ್ಲಿ ಒಬ್ಬಳಾಗುತ್ತಿದ್ದಳು' ಎಂಬ ಸಾಲನ್ನು ತಿದ್ದಿ ತಿದ್ದಿ ಬರೆದಿದ್ದೆ. ಆ ಸಾಲು ನನಗೆ ಬಹಳ ಇಷ್ಟವಾಗಿತ್ತು.

ದೊಡ್ಡಮಾವ ಎಂದಿನಂತೆ ದಿಂಬಿನ ಚಿತ್ರ ಹಾಕಿದರು. ಅಮ್ಮ ಪಕ್ಕದ ಕೋಣೆಯಿಂದಲೇ ಒಂದು ಹೃದಯ ಒತ್ತಿದಳು. ಚಿಕ್ಕಮ್ಮ ಗುಂಪಿನಲ್ಲಿ ಏನೂ ಹೇಳಲಿಲ್ಲ. ಆಮೇಲೆ ನನಗೆ ಬೇರೆಯಾಗಿ 'ಚೆನ್ನಾಗಿ ಬರ್ದಿದ್ದೀಯ ಪುಟ್ಟಿ' ಎಂದು ಕಳಿಸಿದಳು. ಮೆಚ್ಚಿಕೊಂಡು ಮಾತು ಕಳೆದುಕೊಂಡಿದ್ದಾಳೆ ಎಂದು ತಿಳಿದೆ. ಮೌನವನ್ನು ಓದುವುದರಲ್ಲಿ ನಾನು ಪಳಗಿದವಳಲ್ಲವೇ.

ಕೆಲವು ದಿನಗಳ ನಂತರ ಚಿಕ್ಕಪ್ಪ ಫೋನು ಮಾಡಿದರು. ಅವರದು ಚಪ್ಪಲಿ ಅಂಗಡಿ. ವ್ಯಾಪಾರದ ಹೊತ್ತಿನಲ್ಲಿ ಫೋನು ಮಾಡುವವರಲ್ಲ. ಚಿಕ್ಕಮ್ಮ ಸ್ಟುಡಿಯೋಕ್ಕೆ ಹೋಗುತ್ತಿಲ್ಲವೆಂದೂ, ಮುಂದಿನ ಸಿನಿಮಾದಲ್ಲಿ ತಾಯಿಯ ಪಾತ್ರಕ್ಕೆ ಕರೆದರೆ ಗಂಟಲು ಸರಿಯಿಲ್ಲವೆಂದು ಹೇಳಿಬಿಟ್ಟಳೆಂದೂ ತಿಳಿಸಿದರು. ಗಂಟಲು ಚೆನ್ನಾಗಿಯೇ ಇದೆಯಂತೆ, ನಿನ್ನೆ ಹಾಲಿನವನಿಗೆ ಬೈದಿದ್ದು ಬೀದಿಗೆಲ್ಲ ಕೇಳಿಸಿತಂತೆ. ಆಮೇಲೆ ದನಿ ತಗ್ಗಿಸಿದರು.

"ನೀನು ಬರೆದೆಯಲ್ಲಮ್ಮ, ಆ ಅಜ್ಜಿ. ಅದು ಇವಳೇ ಮಾಡಿದ್ದು. ಇಷ್ಟು ವರ್ಷದಲ್ಲಿ ಪೂರ್ತಿ ಪಾತ್ರ ಅಂತ ಸಿಕ್ಕಿದ್ದು ಅದೊಂದೇ. ಪೂರ್ತಿ ತೆಗೆದುಹಾಕಿದ್ದಾರೆ, ನೋಡು."

ಸಿನಿಮಾ ಹಾಕಿ ನೋಡೋಣ ಎಂದು ಚಿಕ್ಕಪ್ಪ ಹೇಳಿದ್ದರಂತೆ. ತೆಗೆದಿರುವುದನ್ನು ಕಣ್ಣಾರೆ ಬೇರೆ ನೋಡಬೇಕೇ ಎಂದಳಂತೆ. ಇವರಿಗೆ ಫೋನಿನಲ್ಲಿ ಸಿನಿಮಾ ಹಾಕಲು ಬರುವುದಿಲ್ಲ.

ನನಗೆ ಆ ನಿರ್ದೇಶಕನ ಮೇಲೆ ಸಿಟ್ಟು ಬಂತು. ಅದರ ಹಿಂದೆಯೇ, ನಾಚಿಕೆಯಿಲ್ಲದೆ, ಅವನು ಮಾಡಿದ್ದು ಸರಿಯೇ ಅಲ್ಲವೇ ಎಂದೂ ಅನ್ನಿಸಿತು. ಸಂಜೆ ಹೋಗಿ ಚಿಕ್ಕಮ್ಮನನ್ನು ಸಮಾಧಾನ ಮಾಡಬೇಕೆಂದುಕೊಂಡೆ. ನಿನ್ನ ಮಾತುಗಳು ಆ ಮೌನದ ತಳದಲ್ಲಿವೆ ಎಂಬಂಥ ಏನನ್ನೋ ಮನಸ್ಸಿನಲ್ಲೇ ಹೊಂದಿಸಿಟ್ಟುಕೊಂಡೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿಕೊಂಡು, ಅದೇ ಇಯರ್‌ಫೋನನ್ನು ಕಂಪ್ಯೂಟರಿಗೆ ಚುಚ್ಚಿ ವಾರ್ತೆ ಹಾಕಿದೆ. ಮುಖ್ಯಾಂಶಗಳ ಸಂಗೀತ ಬಂತು. ನಂತರ ವಾರ್ತೆ ಓದುವವಳು ಬಂದಳು. ತುಟಿ ಆಡಿಸಿದಳು. ದನಿ ಇರಲಿಲ್ಲ. ಹಿಂದೆ ಸಂಗೀತ ಮಾತ್ರ ಸಣ್ಣಗೆ ನಡೆದೇ ಇತ್ತು. ಮಂತ್ರಿಯೊಬ್ಬರು ಕೈ ಬೀಸಿ ಬೀಸಿ ಭಾಷಣ ಮಾಡಿದರು. ಅವರಿಗೂ ದನಿ ಇರಲಿಲ್ಲ; ಚಪ್ಪಾಳೆ ಮಾತ್ರ ದೂರದಿಂದ ಕೇಳಿಸಿತು.

ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು. ಪಿನ್ನನ್ನು ಬೆರಳಿನಿಂದ ಒತ್ತಿದೆ. ಟಕ್ಕೆಂದು ಒಳಗೆ ಕೂತಿತು, ಮಂತ್ರಿ ಕಿವಿಯಲ್ಲಿ ಅರಚಿದರು. ಸ್ವಲ್ಪ ಎಳೆದೆ. ಮಂತ್ರಿ ಸುಮ್ಮನಾದರು, ಚಪ್ಪಾಳೆ ಉಳಿಯಿತು. ಪಿನ್ನು ಪೂರ್ತಿ ಹೋಗದಿದ್ದರೆ ಮಾತು ಅಳಿಸಿಹೋಗಿ ಸುತ್ತಲಿನ ಸದ್ದು ಮಾತ್ರ ಬರುತ್ತದೆಂದು ಆಗ ತಿಳಿಯಿತು. ಬೇರೆ ಯಾರೇ ಆಗಿದ್ದರೂ ಅರೆಗಳಿಗೆಯಲ್ಲಿ, ಇದೇನು ಮಾತೇ ಕೇಳುತ್ತಿಲ್ಲವಲ್ಲ ಎಂದು ವೈರು ಅಲ್ಲಾಡಿಸುತ್ತಿದ್ದರು. ನಾನು ಅತ್ತಿದ್ದೆ.

ಅಲ್ಲೇ ಆ ಸಿನಿಮಾ ಹಾಕಿದೆ. ಹಾಸಿಗೆಯ ಅಂಚು, ಅಜ್ಜಿ, ಗೋಡೆ ನೋಡುವ ಹುಡುಗಿ. ಅಜ್ಜಿ ಬಾಯಿ ತೆರೆದಳು.

ಸತ್ತುಹೋದ ಮಗಳು ಚಿಕ್ಕವಳಿದ್ದಾಗ ಎಷ್ಟು ಹಟಮಾರಿಯಾಗಿದ್ದಳು ಎಂಬ ಕತೆ ಅದು. ಹೊಸ ಚಪ್ಪಲಿ ಹಾಕಿಕೊಂಡೇ ಮಲಗುತ್ತೇನೆಂದು ಹೂಡಿದ ರಂಪ. ಸಾಮಾನ್ಯ ಮಾತುಗಳು. ಎಲ್ಲೂ ಅಳುವಿಲ್ಲ. 'ಇದ್ದಳು' ಎನ್ನಬೇಕಾದ ಕಡೆ 'ಇದಾಳೆ' ಎಂದು ಬಂದುಬಿಡುತ್ತದೆ, ಅಜ್ಜಿ ತಿದ್ದಿಕೊಳ್ಳುವುದಿಲ್ಲ, ಮುಂದೆ ಹೋಗುತ್ತಾಳೆ. ಹುಡುಗಿ ತಿರುಗಿ ನೋಡಿದ್ದು ಆ ಮಾತಿಗೆ. ನಾನು ಗೆಲುವೆಂದು ಕರೆದದ್ದು ಈ ಮಾತಿನ ಇಲ್ಲದಿರುವಿಕೆಯನ್ನು. ಡಬ್ಬಿ ಮುಚ್ಚಿಟ್ಟೆ. ಹೊರಗೆ ಮುಖ್ಯಸ್ಥರು ಯಾರಿಗೋ 'ಶ್' ಎನ್ನುತ್ತಿದ್ದರು. ನನಗೇ ಹೇಳಿದಂತೆ ಬೆಚ್ಚಿದೆ.

ಚಿಕ್ಕಮ್ಮನಿಗೆ ಹೇಳಲು ಒಂದು ಸುಳ್ಳೂ ಹೊಳೆಯಿತು. ಮೊದಲು ಬಂದ ಪ್ರತಿಯಲ್ಲೇ ದೋಷವಿತ್ತಂತೆ, ಈಗ ಸರಿಮಾಡಿದ್ದಾರಂತೆ, ಬಹಳ ಜನರಿಗೆ ಹೀಗೇ ಆಗಿದೆಯಂತೆ. ಬಸ್ಸಿನಲ್ಲಿ ಕೂತು ಅದನ್ನೇ ಉಜ್ಜಿ ಉಜ್ಜಿ ನುಣುಪು ಮಾಡಿದೆ. ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತುವವರೆಗೂ ಆ ಸುಳ್ಳು ಗಟ್ಟಿಯಾಗಿಯೇ ಇತ್ತು.

ಅವಳು ಬಟ್ಟೆ ಮಡಚುತ್ತಿದ್ದಳು. ಚಿಕ್ಕಪ್ಪ ಹೇಳಿದ್ದಾರೆಂದು ಅವಳಿಗೆ ನನ್ನ ಮುಖ ನೋಡಿಯೇ ತಿಳಿಯಿತು. ಕೂರಿಸಿದಳು. ನಾನು ಬಾಯಿ ತೆರೆಯುವ ಮೊದಲೇ, ತಲೆ ಎತ್ತದೆ, ಟವೆಲಿನ ಅಂಚು ಹೊಂದಿಸುತ್ತ ಕೇಳಿದಳು.

"ನೀನು ಬರ್ದಿದ್ದು ಸರಿಯಾಗೇ ಇತ್ತು ಪುಟ್ಟಿ. ಒಂದೇ ಹೇಳು. ನನ್ನ ದನಿ ಅಷ್ಟು ಕೆಟ್ಟದಾಗಿತ್ತಾ, ಇಡೋದಕ್ಕಿಂತ ಇಲ್ದಿದ್ರೇ ವಾಸಿ ಅನ್ನೋ ಹಾಗೆ?"

ಬಸ್ಸಿನಲ್ಲಿ ನುಣುಪು ಮಾಡಿದ್ದೆಲ್ಲ ಅಲ್ಲೇ ಉದುರಿಹೋಯಿತು. ಪಿನ್ನಿನ ವಿಷಯ ಹೇಳಿದೆ. ಅಪ್ಪನ ನಿದ್ದೆ, ಇಯರ್‌ಫೋನ್, ಮಂತ್ರಿ, ಎಲ್ಲ. ಹೇಳುತ್ತ ಹೇಳುತ್ತ ಅದು ಎಷ್ಟು ಹಾಸ್ಯಾಸ್ಪದವೆಂದು ನನಗೇ ಕೇಳಿಸುತ್ತಿತ್ತು. ಚಿಕ್ಕಮ್ಮ ಟವೆಲು ಹಿಡಿದುಕೊಂಡೇ ಕೇಳಿಸಿಕೊಂಡಳು.

"ಅಂದ್ರೆ ಇದೆ," ಎಂದಳು.

"ಇದೆ. ಪೂರ್ತಿ ಇದೆ. ಈಗ ಕೇಳಿಕೊಂಡು ಬಂದೆ. ಬಾಯಿ ತೆರೆದ ತಕ್ಷಣ ನೀನೇ ಅಂತ ಗೊತ್ತಾಯ್ತು."

ಅವಳ ಮುಖ ಅರಳುತ್ತದೆಂದು ನಾನು ಕಾದೆ. ಅರಳಿತು ಕೂಡ, ಒಂದು ಗಳಿಗೆ. ಆಮೇಲೆ ಬೇರೇನೋ ಬಂತು.

"ಗೊತ್ತಾಗ್ಲೇಬೇಕು ಈಗ. ಚಿಕ್ಕಪ್ಪ ಹೇಳಿದ ಮೇಲೆ ಕೇಳಿದ್ದೀಯಲ್ಲ," ಎಂದಳು. ಸ್ವಲ್ಪ ತಡೆದು, "ನಿನಗೆ ಹೇಳದೆ ನೋಡು ಅಂದಿದ್ದು ಅದಕ್ಕೇ ಕಣೆ. ನನ್ನ ದನಿ ನಿನ್ನಷ್ಟು ತಿಂದವರು ಯಾರೂ ಇಲ್ಲ. ನಿನಗೇ ಗೊತ್ತಾಗ್ದೆ ಇದ್ರೆ, ದನಿ ಆ ಅಜ್ಜಿ ಮೇಲೆ ಕೂತಿದೆ ಅಂತ. ಗೊತ್ತಾದ್ರೆ ಕೂತಿಲ್ಲ ಅಂತ. ಅಷ್ಟು ತಿಳ್ಕೋಬೇಕಿತ್ತು ನನಗೆ."

ಗೊತ್ತಿಲ್ಲದೆ ಕೇಳುವ ಕಿವಿ ನನ್ನ ಬಳಿ ಒಂದೇ ಸಲಕ್ಕೆ ಇತ್ತು. ಅದನ್ನು ನಾನು ಪಿಟೀಲು ಕೇಳುವುದಕ್ಕೆ ಖರ್ಚು ಮಾಡಿದ್ದೆ. ಇನ್ನು ಸಾವಿರ ಸಲ ನೋಡಿದರೂ ಆ ಅಜ್ಜಿಯ ಬಾಯಲ್ಲಿ ನನಗೆ ಚಿಕ್ಕಮ್ಮನೇ ಕೇಳಿಸುತ್ತಾಳೆ. ಕೂತಿದೆ ಚಿಕ್ಕಮ್ಮ ಎಂದು ಹೇಳಬಹುದಿತ್ತು. ಅವಳು ನಂಬುತ್ತಿರಲಿಲ್ಲ, ಕಸುಬಿನವಳು.

ಅವಳು ಎದ್ದು ಫೋನು ತೆಗೆದುಕೊಂಡು ಸ್ಟುಡಿಯೋದ ಮ್ಯಾನೇಜರಿಗೆ ಮಾಡಿದಳು. ನನ್ನ ಎದುರೇ ನಿಂತಳು. ಗಂಟಲು ಈಗ ವಾಸಿ ಸಾರ್, ಕಷಾಯ ಕುಡಿದೂ ಕುಡಿದೂ ನಾಲಿಗೆ ಸತ್ತಿದೆ ಅಷ್ಟೆ ಎಂದು ನಗುನಗುತ್ತ ಮಾತಾಡಿದಳು. ಅತ್ತಲಿಂದ ಏನೋ ಹೇಳಿದರು. ಅಯ್ಯೋ ಪರವಾಗಿಲ್ಲ ಬಿಡಿ, ಅವಳೂ ಚೆನ್ನಾಗಿ ಮಾಡ್ತಾಳೆ ಎಂದಳು, ಅದೇ ನಗುವಿನಲ್ಲಿ. ಫೋನು ಇಟ್ಟ ಮೇಲೆ ತಾಯಿ ಪಾತ್ರಕ್ಕೆ ಬೇರೆಯವಳನ್ನು ಹಾಕಿಕೊಂಡಾಯಿತಂತೆ ಎಂದಳು. ನಾಳೆ ರೈಲ್ವೆ ಸ್ಟೇಷನ್ನಿನ ದೃಶ್ಯವಿದೆಯಂತೆ, ಗುಂಪಿನ ದನಿಗೆ ಬರಬಹುದಂತೆ. ಮಾತಾಡುವಾಗಿನ ಆ ದನಿಗೂ ಮುಖಕ್ಕೂ ಸಂಬಂಧವೇ ಇರಲಿಲ್ಲ. ನಾನು ನೆಲ ನೋಡಿದೆ.

ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಬರೆಯುತ್ತೇನೆ, ನಿನ್ನದೇ ದನಿ ಎಂದೂ ಬರೆಯುತ್ತೇನೆ ಎಂದೆ. ಚಿಕ್ಕಮ್ಮ ಬೇಡವೆಂದಳು. ದೊಡ್ಡಮಾವ, ನಿಮ್ಮಮ್ಮ ಯಾರೂ ಇನ್ನೂ ನೋಡಿಲ್ಲ. ಹೇಳಿಬಿಟ್ಟರೆ ಅವರೂ ಅಜ್ಜಿಯನ್ನು ಬಿಟ್ಟು ನನ್ನನ್ನು ಹುಡುಕಿಕೊಂಡು ಕೂರುತ್ತಾರೆ ಎಂದಳು. ಹಾಗಾದರೆ ಬರೆಯಲು ನನ್ನ ಪಾಲಿಗೆ ಉಳಿದದ್ದು ಪಿನ್ನು ಮಾತ್ರ.

ಅಲ್ಲೇ, ಮಡಚಿದ ಬಟ್ಟೆಗಳ ಪಕ್ಕ ಕೂತು ಬರೆದೆ. 'ಆ ಸಿನಿಮಾದ ದ್ವಿತೀಯಾರ್ಧದಲ್ಲಿ ಮಾತುಗಳಿವೆ. ಅಜ್ಜಿ ಮಾತಾಡುತ್ತಾಳೆ. ಅಪ್ಪನ ನಿದ್ದೆ ಕೆಡಬಾರದೆಂದು ಹಾಕಿಕೊಂಡ ಇಯರ್‌ಫೋನಿನ ಪಿನ್ನು ಸರಿಯಾಗಿ ಕೂತಿರಲಿಲ್ಲ, ಅದು ನನಗೆ ತಿಳಿಯಲಿಲ್ಲ. ನಾನು ಬರೆದದ್ದೆಲ್ಲ ತಪ್ಪು.' ಇನ್ನೂ ಏನೇನೋ ಸೇರಿಸಿದ್ದೆ, ಕ್ಷಮೆ, ಅಹಂಕಾರ, ಕುರುಡುತನ ಎಂದೆಲ್ಲ. ಚಿಕ್ಕಮ್ಮ ಭುಜದ ಮೇಲಿಂದ ಓದಿ, "ಇದೆಲ್ಲ ತೆಗಿ. ಮತ್ತೆ ಶುರು ಮಾಡ್ಬೇಡ," ಎಂದಳು. ತೆಗೆದು ಕಳಿಸಿದೆ.

ದೊಡ್ಡಮಾವ ಕಾದು ಕೂತಿದ್ದವರಂತೆ ಕೂಡಲೇ ಬರೆದರು: 'ಮೌನಮ್ಮಾ, ಇಲ್ಲದ ಮೌನಕ್ಕೆ ಪುಟಗಟ್ಟಲೆ, ಇರೋ ಪಿನ್ನಿಗೆ ನಾಲ್ಕೇ ಸಾಲಾ? ತಡಿ, ಅಜ್ಜಿ ಏನಂತಾಳೆ ಅಂತ ಇವತ್ತೇ ನೋಡ್ತೀನಿ.' ಅವರ ಹಿಂದೆ ಅಪ್ಪ, ನನ್ನ ನಿದ್ದೆಯನ್ನು ಇದರಲ್ಲಿ ಎಳೆಯಬೇಡಿ ಎಂದರು. ಎಂದೂ ಗುಂಪಿನಲ್ಲಿ ಬರೆಯದ ಅಪ್ಪ.

ಚಿಕ್ಕಮ್ಮ ಓದಿ ನಕ್ಕಳು. ಟವೆಲನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿ ಕುಲುಕಿ ನಕ್ಕಳು. ನಾನು ಅವಳ ಮುಖ ನೋಡಲು ಹೆದರಿ ಬರೀ ಕೇಳಿಸಿಕೊಂಡೆ. ಅದು ಅವಳದೇ ನಗುವೋ, ನನಗೋಸ್ಕರ ಕೊಟ್ಟ ನಗುವೋ, ಎಷ್ಟು ಕಿವಿಗೊಟ್ಟರೂ ನನಗೆ ತಿಳಿಯಲಿಲ್ಲ.