ನಾಲ್ಕನೆಯ ಪ್ರಶ್ನೆಗೆ ಸಿಕ್ಕ ಉತ್ತರಗಳು

ಕಥೆ ಹೇಳುವವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲ. ಗೊತ್ತಿದ್ದೂ ಬರೆಯಲು ಕೂತಿದ್ದೇನೆ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಓದಿದ್ದೆಲ್ಲ ಸಂಜೆ ಕಾಲೇಜಿನಲ್ಲಿ, ಹಗಲಿನ ಕೆಲಸ ಮುಗಿಸಿ, ಆಕಳಿಸುತ್ತಾ. ಹಾಕಿಯನ್ನಂತೂ ಜನ್ಮದಲ್ಲಿ ಆಡಿದವನಲ್ಲ. ಆದರೆ ಈ ಎಡವಟ್ಟು ನನ್ನ ಕೈಯಿಂದಲೇ ಆಯಿತಾದ್ದರಿಂದ ಬೇರೆಯವರು ಹೇಳಿದರೆ ಇನ್ನಷ್ಟು ತಪ್ಪಾದೀತು ಎಂಬ ಭಯ. ಬರವಣಿಗೆಯಲ್ಲಿ ಲೋಪವಿದ್ದರೆ ನೀವೇ ಸರಿಮಾಡಿಕೊಂಡು ಓದಬೇಕು.

ನನ್ನದು ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ. ಸಮೀಕ್ಷೆ ಮಾಡಿಕೊಡುವ ಕಚೇರಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಯಾವ ಸೋಪು ಬಳಸುತ್ತೀರಿ, ಬಸ್ಸಿಗೆ ಎಷ್ಟು ಹೊತ್ತು ಕಾಯುತ್ತೀರಿ, ಹಲ್ಲುಜ್ಜುವ ಬ್ರಷ್ಷನ್ನು ಎಷ್ಟು ತಿಂಗಳಿಗೊಮ್ಮೆ ಬದಲಿಸುತ್ತೀರಿ, ಇಂಥವು. ನಮ್ಮ ಕೆಲಸಕ್ಕೆ ಒಂದೇ ಒಂದು ದೊಡ್ಡ ನಿಯಮ: ಹಾಳೆಯಲ್ಲಿ ಅಚ್ಚಾಗಿರುವ ಪ್ರಶ್ನೆಯನ್ನು ಅಚ್ಚಾದಂತೆಯೇ ಓದಬೇಕು. ಎದುರಿನವರು 'ಹಾಗಂದ್ರೇನು?' ಎಂದು ಕೇಳಿದರೆ 'ನಿಮಗೆ ಹೇಗೆ ಅರ್ಥವಾಗುತ್ತೋ ಹಾಗೆ' ಎಂದಷ್ಟೇ ಹೇಳಬೇಕು. ಒಂದು ಪದ ಕೂಡಿಸಬಾರದು, ಒಂದು ಪದ ಕಳೆಯಬಾರದು. ನಮ್ಮ ಮೇಲ್ವಿಚಾರಕಿ ಇದನ್ನು ಪ್ರತಿ ಸೋಮವಾರ ಹೇಳುತ್ತಾರೆ. ಕೈಯಲ್ಲಿ ಯಾವಾಗಲೂ ಮರದ ಅಡಿಕೋಲು ಹಿಡಿದಿರುವುದರಿಂದ ಅವರನ್ನು ನಾವು ಬೆನ್ನ ಹಿಂದೆ ಸ್ಕೇಲ್ ಮೇಡಂ ಎನ್ನುತ್ತೇವೆ.

ಆ ವರ್ಷ ಬಂದ ಸಮೀಕ್ಷೆ ಹೊಸದು. ಹೆಣ್ಣುಮಕ್ಕಳಿಗೆ ಸಂಬಳ ಕೊಟ್ಟು ಆಡಿಸುವ ಹಾಕಿ ಲೀಗೊಂದು ಶುರುವಾಗುವುದಿತ್ತು. ಒಟ್ಟು ಎಂಟು ತಂಡ. ಏಳು ಊರುಗಳು ಖಾತ್ರಿಯಾಗಿದ್ದವು. ಎಂಟನೆಯದು ನಮ್ಮೂರೋ, ಸಮುದ್ರದ ದಡದ ಬಂದರಿನ ಊರೋ ಎಂಬುದು ತೀರ್ಮಾನವಾಗಿರಲಿಲ್ಲ. ಎಲ್ಲಿ ಜನರಿಗೆ ಆಸಕ್ತಿ ಹೆಚ್ಚೋ ಅಲ್ಲಿ ತಂಡ ಎಂದು ಲೀಗಿನವರು ಹೇಳಿದ್ದರು. ಆ ಆಸಕ್ತಿಯನ್ನು ಅಳೆಯುವ ಕೆಲಸ ನಮ್ಮ ಕಚೇರಿಗೆ ಬಂತು. ಬಸ್ ಡಿಪೋದ ಹಿಂದಿನ ನಾಲ್ಕು ಬೀದಿಗಳು ನನ್ನ ಪಾಲಿಗೆ ಬಂದವು. ನೂರಾ ಇಪ್ಪತ್ತು ಹಾಳೆ.

ಆ ಹಾಳೆಗಳು ನನ್ನ ಕೈಗೆ ಬರಬಾರದಿತ್ತು. ಏಕೆಂದರೆ ನನ್ನ ಹೆಂಡತಿಯ ತಂಗಿ ಗೋಲ್‌ಕೀಪರ್. ನಮ್ಮ ಜೊತೆಯಲ್ಲೇ ಇರುವವಳು. ಹಗಲು ಲಾಂಡ್ರಿಯೊಂದರಲ್ಲಿ ಆಸ್ಪತ್ರೆಯ ಹಾಸುಬಟ್ಟೆಗಳಿಗೆ ಇಸ್ತ್ರಿ ಹೊಡೆಯುತ್ತಾಳೆ, ಸಂಜೆ ಕ್ಲಬ್ಬಿನಲ್ಲಿ ಆಡುತ್ತಾಳೆ. ಕ್ಲಬ್ಬಿನವರು ಅವಳನ್ನು ಕರೆಯುವುದು ಚಿಲಕ ಎಂದು. ಅವಳು ನಿಂತಳೆಂದರೆ ಒಳಗೆ ಏನೂ ನುಗ್ಗುವುದಿಲ್ಲವಂತೆ. ಪ್ರತಿ ತಂಡವೂ ಆಯಾ ಊರಿನ ನಾಲ್ಕು ಜನರನ್ನು ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆ ಇತ್ತು. ತಂಡ ನಮ್ಮೂರಿಗೆ ಬಂದರೆ ನಾಲ್ವರಲ್ಲಿ ಚಿಲಕ ಒಬ್ಬಳು ಎಂದು ಕ್ಲಬ್ಬಿನ ಕೋಚ್ ಬಾಯಿಬಿಟ್ಟು ಹೇಳಿದ್ದರು. ಬಂದರಿಗೆ ಹೋದರೆ ಏನೂ ಇಲ್ಲ. ಅವಳಿಗಾಗಲೇ ಇಪ್ಪತ್ತೊಂಬತ್ತು. ಇನ್ನೊಮ್ಮೆ ನೋಡೋಣ ಎನ್ನುವ ವಯಸ್ಸಲ್ಲ.

ಇದನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ. ಮೊದಲ ದಿನವೇ ಸ್ಕೇಲ್ ಮೇಡಂ ಹತ್ತಿರ ಹೋಗಿ ಹೇಳಿದೆ.

"ನಾದಿನಿ ಆಡ್ತಾಳಾ? ಆಡಲಿ ಬಿಡಿ," ಎಂದರು ಅವರು. "ಅವಳೇನು ನಿಮ್ಮ ಹಾಳೆ ಮೇಲೆ ಕೂತಿರ್ತಾಳಾ? ಪ್ರಶ್ನೆ ಓದಿ, ಉತ್ತರ ಬರೀರಿ. ನಿಮ್ಮಷ್ಟು ಹೆದರೋರು ಸುಳ್ಳು ಬರೆಯಲ್ಲ ಅಂತ ನಂಗೊತ್ತು."

ನಾನು ಸುಳ್ಳು ಬರೆಯಲಿಲ್ಲ. ಅದೊಂದನ್ನು ನಂಬಿ.

ಮೊದಲ ಮೂರು ಪ್ರಶ್ನೆ ವಯಸ್ಸು, ಕೆಲಸ, ಮನೆಯಲ್ಲಿ ಎಷ್ಟು ಜನ ಎಂಬುದರ ಬಗ್ಗೆ. ನಾಲ್ಕನೆಯದೇ ಮುಖ್ಯ: 'ಮಹಿಳೆಯರ ವೃತ್ತಿಪರ ಹಾಕಿ ಪಂದ್ಯವನ್ನು ಮೈದಾನಕ್ಕೆ ಬಂದು ನೋಡಲು ನಿಮಗೆ ಎಷ್ಟು ಆಸಕ್ತಿ ಇದೆ?' ತುಂಬಾ, ಸ್ವಲ್ಪ, ಇಲ್ಲ, ಗೊತ್ತಿಲ್ಲ. ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಬೇಕು.

ಮೊದಲ ಬೀದಿಯ ಮೊದಲ ಆರು ಮನೆಗಳಲ್ಲಿ ಐದು 'ಇಲ್ಲ', ಒಂದು 'ಗೊತ್ತಿಲ್ಲ'. ಏಳನೆಯದು ಬಟ್ಟೆ ಹೊಲಿಯುವ ಅಜ್ಜಿಯ ಮನೆ. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಅವರು ಕೇಳಿದರು: "ವೃತ್ತಿಪರ ಅಂದ್ರೇನಪ್ಪ?"

ನಿಯಮದಂತೆ ಹೇಳಿದೆ: "ನಿಮಗೆ ಹೇಗೆ ಅರ್ಥವಾಗುತ್ತೋ ಹಾಗೆ, ಅಜ್ಜಿ."

ಅಜ್ಜಿ ಸೂಜಿಗಳನ್ನು ಬಾಯಿಂದ ತೆಗೆದರು. "ಅರ್ಥ ಆಗಿದ್ರೆ ನಿನ್ನನ್ನ ಯಾಕೆ ಕೇಳ್ತಿದ್ದೆ? ಮನೆ ಬಾಗಿಲಿಗೆ ಬಂದು ಪ್ರಶ್ನೆ ಕೇಳೋನು ನೀನು, ಒಂದು ಮಾತು ಬಿಡಿಸಿ ಹೇಳಕ್ಕೆ ಏನು ಕಷ್ಟ ನಿನಗೆ?"

ಸಂಜೆ ಕಾಲೇಜಿನಲ್ಲಿ ನಮ್ಮ ಸಂಖ್ಯಾಶಾಸ್ತ್ರದ ಮೇಷ್ಟ್ರು ಯಾರು ಏನೇ ಕೇಳಿದರೂ 'ಪುಸ್ತಕದಲ್ಲಿದೆ, ನೋಡ್ಕೊಳಿ' ಎನ್ನುತ್ತಿದ್ದರು. ಪುಸ್ತಕ ನೋಡಿಯೂ ಅರ್ಥವಾಗದ ನಾನು ಒಂದು ವರ್ಷ ಪೂರ್ತಿ ಹಿಂದಿನ ಬೆಂಚಿನಲ್ಲಿ ಪೆಚ್ಚಾಗಿ ಕೂತಿದ್ದೆ. ಈಗ ನಾನೇ ಆ ಮೇಷ್ಟ್ರಂತೆ ಮಾತಾಡಿದ್ದೆ. ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಆಟವನ್ನೇ ಕೆಲಸವಾಗಿ ಮಾಡುವವರು, ನೀವು ಹೊಲಿಗೆ ಮಾಡುವ ಹಾಗೆ. ಬೆಳಗ್ಗೆ ಎದ್ದು ಓಡುವುದು, ಏಟು ಬಿದ್ದರೆ ಐಸು ಹಚ್ಚಿಕೊಳ್ಳುವುದು, ಮತ್ತೆ ಸಂಜೆ ಓಡುವುದು. ಅಜ್ಜಿ ಯಂತ್ರ ನಿಲ್ಲಿಸಿ ಕೇಳಿದರು. ಕೊನೆಗೆ ನಾಲ್ಕನೆಯ ಪ್ರಶ್ನೆಯನ್ನು ಅಚ್ಚಾದಂತೆಯೇ ಮತ್ತೊಮ್ಮೆ ಓದಿದೆ.

"ತುಂಬಾ ಅಂತ ಬರಕೋ," ಎಂದರು ಅಜ್ಜಿ. "ನೆಟ್ಟಗೆ ನಿಂತು ದುಡಿಯೋ ಹೆಣ್ಮಕ್ಕಳನ್ನ ನೋಡೋದು ಯಾರಿಗೆ ಬೇಡ?"

ಅಲ್ಲಿಂದ ಮುಂದೆ ನನಗೆ ತಡೆಯೇ ಇರಲಿಲ್ಲ. ಯಾರು ಏನು ಕೇಳಿದರೂ ಬಿಡಿಸಿ ಹೇಳತೊಡಗಿದೆ. ಕೇಳದವರ ಮುಖ ಗೊಂದಲದಲ್ಲಿದ್ದರೆ ಅವರಿಗೂ ಹೇಳಿದೆ. ಮೂರನೆಯ ಬೀದಿಯ ಕ್ಷೌರದ ಅಂಗಡಿಯಲ್ಲಂತೂ ಒಂದು ಗಂಟೆ ಕಳೆಯಿತು.

"ಒಂದು ಕಡೆ ಹನ್ನೊಂದು ಜನಾನಾ?" ಎಂದು ಕ್ಷೌರಿಕ ಕೇಳಿದ. "ಎಲ್ಲಾರೂ ಒಂದೇ ಚೆಂಡಿನ ಹಿಂದೆ? ನಮ್ಮನೇಲಿ ಮೂರು ಜನ ಒಂದು ರಿಮೋಟಿನ ಹಿಂದೆ ಬಿದ್ದು ಹೊಡೆದಾಡ್ತೀವಿ. ಯಾರೂ ನೋಡಕ್ಕೆ ಬರಲ್ಲ ಸ್ವಾಮಿ."

ಗೋಲಿನ ಹತ್ತಿರ ತಪ್ಪಾದಾಗ ಎದುರಾಳಿಗೆ ಸಿಗುವ ಪೆನಾಲ್ಟಿ ಕಾರ್ನರ್ ಹೊಡೆತವನ್ನು ನಾನು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಹೂಡಿ ತೋರಿಸಿದೆ. ನಾಲ್ಕು ಬಾಚಣಿಗೆ ಗೋಲಿನ ಗೆರೆಯ ಹಿಂದೆ ನಿಂತ ರಕ್ಷಕಿಯರು. ಪೌಡರ್ ಡಬ್ಬಿ ಗೋಲ್‌ಕೀಪರ್. ಬ್ರಷ್ಷು, ಕತ್ತರಿ, ಸ್ಪ್ರೇ ಬಾಟಲಿ ಎದುರಾಳಿಗಳು.

ಅರ್ಧ ಗಡ್ಡ ತೆಗೆಸಿಕೊಂಡು ಕೂತಿದ್ದ ಬಸ್ ಡ್ರೈವರ್ ಸೋಪಿನ ನೊರೆಯ ಸಮೇತ ಮುಂದೆ ಬಗ್ಗಿದ. "ಅಲ್ಲ, ಪೌಡರ್ ಡಬ್ಬಿ ಮುಂದೆ ಬರಬಾರದಾ? ಸುಮ್ಮನೆ ನಿಂತು ಏಟು ತಿನ್ನಬೇಕಾ?"

"ಚೆಂಡು ಹೊರಟ ಮೇಲೆ ಬರಬಹುದು. ಅಲ್ಲೀತನಕ ಗೆರೆ ಹಿಂದೆ ಕಾಯಬೇಕು."

"ಅಯ್ಯಯ್ಯೋ, ಎಷ್ಟು ಹೊತ್ತು?"

"ಒಂದು ಉಸಿರು."

ಡ್ರೈವರ್ ಆ ಉಸಿರನ್ನು ತಾನೇ ಹಿಡಿದುಕೊಂಡು ನೋಡಿದ. ಕ್ಷೌರಿಕ ಕತ್ತರಿಯನ್ನು ಡಬ್ಬಿಯತ್ತ ನೂಕಿದ. ಡ್ರೈವರ್ ಡಬ್ಬಿಯನ್ನು ಅಡ್ಡ ತಂದ. ಪೌಡರ್ ಹಾರಿ ಇಬ್ಬರೂ ಕೆಮ್ಮಿದರು. ಎರಡು ಹಾಳೆಯಲ್ಲೂ 'ತುಂಬಾ' ಎಂದು ಗುರುತು ಹಾಕಿದೆ. ಸುಳ್ಳಲ್ಲ, ಅವರೇ ಹೇಳಿದ್ದು.

ಎರಡು ವಾರದಲ್ಲಿ ಹಾಳೆಗಳು ಮುಗಿದವು. ಸೋಮವಾರ ಕೊಡಬೇಕು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹರಡಿಕೊಂಡು, ರೂಢಿಯಂತೆ ಮೂರು ಸಲ ಪರಿಶೀಲಿಸಲು ಕೂತೆ. ನೂರಾ ಇಪ್ಪತ್ತರಲ್ಲಿ ಎಂಬತ್ತಾರು 'ತುಂಬಾ'. ಖುಷಿಯಿಂದ ಮೈ ಜುಮ್ಮೆಂದಿತು. ಎರಡನೆಯ ಸಲ ನೋಡುವಾಗ ಮೊದಲ ಆರು ಹಾಳೆ ಕಣ್ಣಿಗೆ ಬಿದ್ದವು. ಒಂದೂ 'ತುಂಬಾ' ಇಲ್ಲ. ಏಳನೆಯದರಿಂದ ಸಾಲಾಗಿ ತುಂಬಾ, ತುಂಬಾ, ತುಂಬಾ. ಬೀದಿ ಅದೇ, ಜನ ಅಂಥವರೇ. ಬದಲಾದವನು ನಾನೊಬ್ಬನೇ. ಇದ್ದ ಆಸಕ್ತಿಯನ್ನು ಅಳೆಯಲು ನನ್ನನ್ನು ಕಳಿಸಿದ್ದರು. ನಾನು ಮನೆಮನೆಗೆ ಹೋಗಿ ಅದನ್ನು ಹಂಚಿ, ಆಮೇಲೆ ಅಳೆದುಕೊಂಡು ಬಂದಿದ್ದೆ.

ಎದುರಿಗೆ ನಾದಿನಿ ನೆಲದ ಮೇಲೆ ಕೂತು ತನ್ನ ಕಾಲಿನ ಪ್ಯಾಡಿನ ಪಟ್ಟಿ ಹೊಲಿಯುತ್ತಿದ್ದಳು. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಯಾಕೆ ಭಾವ, ಪರೀಕ್ಷೆ ಫೇಲಾದೋರ ಹಾಗೆ ಕೂತಿದೀರಿ?" ಎಂದಳು ನಾದಿನಿ.

ಹೇಳಿದೆ. ಎಲ್ಲವನ್ನೂ ಹೇಳಿದೆ. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

"ರೀ, ನಿಮ್ಮ ಮೇಡಂಗೆ ಇದು ಗೊತ್ತಾಗುತ್ತಾ?" ಎಂದಳು.

"ನಾನು ಹೇಳದೆ ಇದ್ರೆ ಗೊತ್ತಾಗಲ್ಲ."

ನಾದಿನಿ ದಾರ ಕಚ್ಚಿ ಕಡಿದಳು. "ಭಾವ, ಚೆಂಡು ಗೆರೆ ದಾಟಿದ್ದು ಎಷ್ಟೋ ಸಲ ನಂಗೆ ಮಾತ್ರ ಗೊತ್ತಿರುತ್ತೆ. ನಾನು ಕೈ ಎತ್ತಿ ಗೋಲಾಯ್ತು ಅಂತೀನಾ? ಇಲ್ಲ. ಅದು ಅಂಪೈರ್ ಕೆಲಸ. ನೋಡ್ಕೋಬೇಕಾಗಿದ್ದು ಅವರು."

"ಇಲ್ಲಿ ಅಂಪೈರ್ ನಾನೇ ಅಲ್ವೇನಮ್ಮಾ," ಎಂದೆ.

ಅವಳು ಪ್ಯಾಡಿನ ಪಟ್ಟಿ ಎಳೆದು ಹೊಲಿಗೆ ಗಟ್ಟಿಯಾಗಿದೆಯೇ ಎಂದು ನೋಡಿದಳು. ಆಮೇಲೆ ಎದ್ದು ಅದನ್ನು ಗೋಡೆಗೆ ಒರಗಿಸಿಟ್ಟಳು.

"ಹಾಗಾದ್ರೆ ಸೀಟಿ ಊದಿ. ಇನ್ನೇನ್ಮಾಡೋದು," ಎಂದಳು. "ಅಕ್ಕಾ, ಈ ಮನುಷ್ಯನ್ನ ಹುಡುಕಿ ಹುಡುಕಿ ಕಟ್ಕೊಂಡ್ಯಲ್ಲ, ಇನ್ಯಾರೂ ಸಿಗಲಿಲ್ವಾ ನಿನಗೆ?"

ಹೆಂಡತಿಗೆ ನಗು ಬಂತು. ನಾದಿನಿ ಸೂಜಿದಾರ ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಬೆಳಗ್ಗೆ ಸ್ಕೇಲ್ ಮೇಡಂ ಮುಂದೆ ನಿಂತು ಒಪ್ಪಿಕೊಂಡೆ. ಅವರು ಅಡಿಕೋಲನ್ನು ಹಾಳೆಗಳ ಮೇಲಿಟ್ಟು ಕಣ್ಣು ಮುಚ್ಚಿಕೊಂಡರು. "ಹದಿನಾಲ್ಕು ವರ್ಷದಲ್ಲಿ ಸೋಪಿನ ಬಗ್ಗೆ ಯಾರಿಗೂ ಪಾಠ ಮಾಡಲಿಲ್ಲ ನೀವು."

"ಸೋಪು ಎಲ್ಲರಿಗೂ ಗೊತ್ತಿತ್ತು, ಮೇಡಂ."

ಅವರು ನಗಲಿಲ್ಲ. ನೂರಾ ಇಪ್ಪತ್ತು ಹಾಳೆಗಳನ್ನೂ ರದ್ದು ಮಾಡಿದರು. ಅದೇ ನಾಲ್ಕು ಬೀದಿಗಳ ಬೇರೆ ನೂರಾ ಇಪ್ಪತ್ತು ಮನೆಗಳಿಗೆ ಹೋಗಲು ನಮ್ಮ ಕಚೇರಿಯ ಮೌನಿಯನ್ನು ಕಳಿಸಿದರು. ಮೌನಿ ಎಂದು ನಾವಿಟ್ಟ ಹೆಸರು ಸುಮ್ಮನೆ ಅಲ್ಲ. ಆತ ಅಚ್ಚಾದ ಪ್ರಶ್ನೆ ಬಿಟ್ಟು ಬೇರೇನಾದರೂ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಚಹಾ ಬೇಕೇ ಎಂದರೆ ಲೋಟ ತೋರಿಸುತ್ತಾನೆ. ನನಗೆ ಹದಿನೈದು ದಿನ ಕಡತ ಜೋಡಿಸುವ ಕೆಲಸ. ಶಿಕ್ಷೆ ಕಡಿಮೆಯಾಯಿತೆಂದೇ ನನಗನ್ನಿಸಿತು.

ಆ ಹದಿನೈದು ದಿನ ಮನೆಯಲ್ಲಿ ಹಾಕಿಯ ಮಾತಿಲ್ಲ. ನಾದಿನಿ ಲಾಂಡ್ರಿಗೆ ಹೋದಳು, ಬಂದಳು, ಕ್ಲಬ್ಬಿಗೆ ಹೋದಳು, ಬಂದಳು. ನನ್ನ ತಟ್ಟೆಗೆ ಮೊದಲಿನ ಹಾಗೆಯೇ ಬಡಿಸಿದಳು. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಹದಿನಾರನೆಯ ದಿನ ಮೌನಿ ಕಚೇರಿಗೆ ಬಂದವನೇ ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಎಸೆದು ಮಾತಾಡಿದ. ಎಲ್ಲರೂ ತಿರುಗಿ ನೋಡಿದೆವು.

"ನನ್ನ ಕೈಲಿ ಆಗಲ್ಲ ಮೇಡಂ ಆ ಬೀದಿಗಳು! ನಾಲ್ಕನೇ ಪ್ರಶ್ನೆ ಓದಿ ಮುಗಿಸಕ್ಕೆ ಬಿಡಲ್ಲ. ಒಬ್ಬಳು ಅಜ್ಜಿ ಎದುರು ಮನೇಲಿ ಬಂದು ಕೂತಿದ್ಲು, ಆ ಮನೆಯೋರಿಗೆ ವೃತ್ತಿಪರ ಅಂದ್ರೇನು ಅಂತ ಹೇಳಿಕೊಡ್ತಿದ್ಲು. ಡಿಪೋದಲ್ಲಿ ಡ್ರೈವರುಗಳು ನೀರಿನ ಬಾಟಲಿ ಜೋಡಿಸಿಕೊಂಡು ಆಡ್ತಾರೆ. ಒಬ್ಬ ನನ್ನನ್ನೇ ಗೋಲಲ್ಲಿ ನಿಲ್ಲಿಸಿದ!"

"ನೀವು ಏನಾದ್ರೂ ಹೇಳಿದ್ರಾ?" ಎಂದರು ಮೇಡಂ.

"ಒಂದು ಅಕ್ಷರ ಹೇಳಲಿಲ್ಲ. ಅವರು ಬಾಯಿಗೆ ಬಿಡುವು ಕೊಟ್ರೆ ತಾನೇ!"

ಎಣಿಸಿದಾಗ ತೊಂಬತ್ತೊಂದು 'ತುಂಬಾ'.

ಎಲ್ಲರೂ ನಕ್ಕರು. ನಾನು ಮಾತ್ರ ಎದ್ದು ನಿಂತೆ. ಮೇಡಂ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಇದೂ ನನ್ನಿಂದಲೇ ಆಗಿದ್ದು ಮೇಡಂ. ಈ ಹಾಳೆಗಳನ್ನೂ ರದ್ದು ಮಾಡಬೇಕೇನೋ."

"ರೀ, ಸಾಕು ಮಾಡ್ರೀ ನಿಮ್ಮ ಗೋಳು." ಅವರು ಅಡಿಕೋಲಿನಿಂದ ಮೇಜು ಕುಟ್ಟಿದರು. "ನಮ್ಮೋರು ಪ್ರಶ್ನೆ ಅಚ್ಚಾದ ಹಾಗೆ ಓದಿದ್ರಾ, ಇಲ್ವಾ? ಓದಿದ್ರು. ಜನ ಅವರವರೇ ಮಾತಾಡ್ಕೊಂಡ್ರೆ ಅದನ್ನ ತಡೆಯೋ ನಿಯಮ ನನ್ನ ಹತ್ರ ಇಲ್ಲ. ನಿಮ್ಮ ವಿಷಯನೂ ಬರೆದು ಜೊತೆಗೆ ಕಳಿಸ್ತೀನಿ. ಬೇಕಾದ್ರೆ ಅವರೇ ರದ್ದು ಮಾಡಲಿ."

ಹಾಗೆಯೇ ಮಾಡಿದರು. ಒಂದು ಪುಟದ ಟಿಪ್ಪಣಿ, ನನ್ನ ತಪ್ಪು ಏನು, ಯಾವ ಮನೆಯಿಂದ ಶುರುವಾಯಿತು, ಎಲ್ಲ ಅದರಲ್ಲಿತ್ತು. ನಾನೇ ಎರಡು ಸಲ ಓದಿ ಒಂದು ತಾರೀಖು ತಿದ್ದಿದೆ.

ಎರಡು ತಿಂಗಳ ಮೇಲೆ ಎಂಟನೆಯ ತಂಡ ನಮ್ಮೂರಿಗೆ ಎಂದು ತೀರ್ಮಾನವಾಯಿತು. ನಾದಿನಿ ಸುದ್ದಿಯನ್ನು ಲಾಂಡ್ರಿಯಿಂದ ಫೋನಿನಲ್ಲಿ ಹೇಳಿದಳು. ಯಂತ್ರಗಳ ಸದ್ದಿನಲ್ಲಿ ನನಗೆ ಕೇಳಿಸಿದ್ದು "ಭಾವ, ಭಾವ" ಎಂಬುದಷ್ಟೇ. ಅಷ್ಟು ಸಾಕಾಯಿತು.

ಈಗ ಅವಳು ಲಾಂಡ್ರಿಗೆ ಹೋಗುವುದಿಲ್ಲ. ಬೆಳಗ್ಗೆ ಆರಕ್ಕೆ ಮೈದಾನದಲ್ಲಿರುತ್ತಾಳೆ. ಮೊದಲ ಪಂದ್ಯಕ್ಕೆ ನಾನೂ ಹೆಂಡತಿಯೂ ಒಂದು ಗಂಟೆ ಮುಂಚೆಯೇ ಹೋಗಿ, ಕಾಂಕ್ರೀಟು ಮೆಟ್ಟಿಲ ಮೇಲೆ ಪೇಪರ್ ಹಾಸಿ ಕೂತೆವು. ಖಾಲಿ ಉಳಿದರೆ ಏನು ಗತಿ ಎಂದು ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ. ಆಟ ಶುರುವಾಗುವ ಹೊತ್ತಿಗೆ ಮುಕ್ಕಾಲು ಪಾಲು ಮೆಟ್ಟಿಲು ತುಂಬಿತ್ತು. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಪಕ್ಕದಲ್ಲಿ ಕೂತ ಗೃಹಿಣಿಯೊಬ್ಬರು ನನ್ನ ಕಡೆ ತಿರುಗಿ, "ಅಲ್ಲಿ ಪ್ಯಾಡ್ ಕಟ್ಕೊಂಡಿದಾಳಲ್ಲ, ಅವಳು ಈಗ ಮುಂದೆ ಬರೋ ಹಾಗಿಲ್ಲ ಗೊತ್ತಾ, ಚೆಂಡು ಹೊರಡೋತನಕ," ಎಂದು ತಿಳಿಸಿಕೊಟ್ಟರು. ನಾನು ಹೌದಾ ಎಂದೆ. ಹೆಂಡತಿ ನನ್ನ ಮೊಣಕೈ ತಿವಿದಳು. ಆ ಚೆಂಡನ್ನು ನಾದಿನಿ ಕಾಲಿನಿಂದ ಒದ್ದು ಹೊರಗೆ ಕಳಿಸಿದಳು. ಪಂದ್ಯ ಒಂದೊಂದು ಗೋಲಿನಲ್ಲಿ ಸಮವಾಯಿತು. ಮನೆಗೆ ನಡೆದುಕೊಂಡೇ ಬಂದೆವು, ಮೂವರೂ, ಮಾತಾಡುತ್ತಾ.

ಇಷ್ಟು ನಡೆದದ್ದು ನಿಜ. ಉಳಿದದ್ದು ನನಗೆ ಗೊತ್ತಿಲ್ಲ. ಲೀಗಿನವರು ನಮ್ಮೂರನ್ನು ಆರಿಸಿದ್ದು ಆ ಹಾಳೆಗಳನ್ನು ನೋಡಿಯೋ, ಬೇರೆ ಕಾರಣಕ್ಕೋ, ಅವರು ಯಾರಿಗೂ ಹೇಳಲಿಲ್ಲ. ಮೇಡಂ ಕಳಿಸಿದ ಟಿಪ್ಪಣಿಯನ್ನು ಯಾರಾದರೂ ಓದಿದರೋ ಇಲ್ಲವೋ, ಉತ್ತರ ಬರಲಿಲ್ಲ. ಬಂದರಿನ ಊರಿನಲ್ಲಿ ಪ್ರಶ್ನೆ ಕೇಳಿದವರು ನಿಯಮದಂತೆ ಕೇಳಿದ್ದಿರಬೇಕು. ಅಲ್ಲಿಯೂ ಒಬ್ಬಳು ಗೋಲ್‌ಕೀಪರ್ ಇದ್ದಿರಬೇಕು. ಅವಳ ವಯಸ್ಸೆಷ್ಟೋ, ಈಗ ಏನು ಮಾಡುತ್ತಿದ್ದಾಳೋ, ನನಗೆ ಗೊತ್ತಿಲ್ಲ.