ಅಳಿಯ ಉಜ್ಜಿದ ಚುಕ್ಕೆ

ವಿಜಯವಾಡದ ಆಟೋನಗರಕ್ಕೆ ಕಾಲಿಟ್ಟ ಕೂಡಲೇ ಚಂದ್ರಹಾಸ ಕರವಸ್ತ್ರ ತೆಗೆದು ಮೂಗಿಗೆ ಹಿಡಿಯುತ್ತಿದ್ದ. ವಾಸನೆಯೇನೂ ಅಂಥದ್ದಿರಲಿಲ್ಲ. ಗ್ರೀಸು, ಸುಟ್ಟ ರಬ್ಬರು, ಪಕ್ಕದಲ್ಲಿ ಯಾರೋ ಕುದಿಸುತ್ತಿದ್ದ ಟೀ, ಅಷ್ಟೆ. ಆದರೆ ಮೂಗಿಗೆ ಬಟ್ಟೆ ಹಿಡಿದು ನಡೆಯುವವನು ಬಿ.ಇ. ಮೆಕ್ಯಾನಿಕಲ್ ಎಂಬುದು ನೋಡಿದವರಿಗೆ ತಾನಾಗಿಯೇ ತಿಳಿಯಬೇಕೆಂದು ಅವನ ಎಣಿಕೆ. ತಿಳಿದವರು ಯಾರೂ ಇರಲಿಲ್ಲ. ಇಡೀ ಬೀದಿ ಬಗ್ಗಿ ಕೆಲಸ ಮಾಡುತ್ತಿತ್ತು.

ದಾವಣಗೆರೆಯಲ್ಲಿ ಓದಿ, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ ಸೇರಿ ಅವನಿಗೆ ಆರು ವರ್ಷವಾಗಿತ್ತು. ಆರೂ ವರ್ಷ ಖರೀದಿ ವಿಭಾಗದಲ್ಲಿ ಕೂತು ಬೋಲ್ಟುಗಳ ನಕ್ಷೆಗೆ ಸಹಿ ಹಾಕಿದ್ದನೇ ಹೊರತು ಬೋಲ್ಟು ಮುಟ್ಟಿರಲಿಲ್ಲ. ಕಾರ್ಖಾನೆಯೊಳಗೆ ಕೆಲಸ ಮಾಡುವ ಎಂಜಿನಿಯರುಗಳು ಅವನನ್ನು ಕಂಡಾಗ, 'ಏನ್ ಸಾರ್, ಪೆನ್ನಿಗೆ ಇಂಕು ಇದೆಯಾ?' ಎಂದು ನಗುತ್ತಿದ್ದರು. ಆ ನಗುವಿಗೆ ಉತ್ತರ ಸಿಗುವ ಕಾಲ ಈಗ ಬಂದಿತ್ತು. ಜನವರಿಯ ಕಡೆಯ ಭಾನುವಾರ, ಕಾರ್ಖಾನೆಯ ಬಳಿಯ ದುವ್ವಾಡದ ಆಚೆ ಇನ್ನೂ ಸಂಚಾರಕ್ಕೆ ಬಿಡದ ಹೊಸ ರಸ್ತೆಯಲ್ಲಿ, ಟೌನ್‌ಶಿಪ್ಪಿನ ಕ್ಲಬ್ಬಿನವರು ಹಳೇ ಕಾರುಗಳ ಓಟ ಇಟ್ಟುಕೊಂಡಿದ್ದರು. ಒಂದು ಕಿಲೋಮೀಟರು, ಒಬ್ಬೊಬ್ಬರಿಗೆ ಎರಡು ಸಲ, ಎರಡರಲ್ಲಿ ಒಳ್ಳೆಯ ಸಮಯ ಲೆಕ್ಕಕ್ಕೆ. ಮಾವ ಈಶ್ವರಯ್ಯನವರ ಎಂಜಿ ಕಾರನ್ನು ತಾನು ಓಡಿಸುವುದೆಂದು ಅವನು ಇಡೀ ಖರೀದಿ ವಿಭಾಗಕ್ಕೆ ಹೇಳಿಬಿಟ್ಟಿದ್ದ. ಬೇರೆ ವಿಭಾಗಗಳಿಗೂ ಹೇಳಿದ್ದ.

ಅದು ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಐವತ್ತೆಂಟರ ಗಾಡಿ. ಬಂದರಿನ ಇಂಗ್ಲಿಷ್ ಅಧಿಕಾರಿಯೊಬ್ಬ ಊರಿಗೆ ಹೊರಟಾಗ ಈಶ್ವರಯ್ಯ ಕೊಂಡಿದ್ದರು. ಅದಕ್ಕೆ ಮೊದಲು ಇದ್ದ ಜೋಡಿ ಕಾರ್ಬೊರೇಟರನ್ನು ಹಿಂದೊಮ್ಮೆ ಯಾರೋ ಕಳಚಿ, ಅಂಬಾಸಿಡರಿನ ಒಂದನ್ನು ಕೂರಿಸಿ ಕಳಿಸಿದ್ದರು. ಅಂದಿನಿಂದ ಗಾಡಿ ಏದುಸಿರು ಬಿಟ್ಟುಕೊಂಡು ಓಡುತ್ತಿತ್ತು. ಈಗ ಮತ್ತೆ ಎರಡು ಕೂರಿಸುವ ಕೆಲಸ ಚಂದ್ರಹಾಸನ ಹೆಂಡತಿ ರಾಜ್ಯಲಕ್ಷ್ಮಿಯ ತಮ್ಮ ದುರ್ಗಾಪ್ರಸಾದನ ಪಾಲಿಗೆ ಬಂತು. ಎಂಟನೇ ಕ್ಲಾಸಿಗೆ ಪುಸ್ತಕ ಎಸೆದು ಆಟೋನಗರದಲ್ಲಿ ಲೇತ್ ಇಟ್ಟುಕೊಂಡವನು ಅವನು.

ಸಂಕ್ರಾಂತಿಗೆ ಅಳಿಯನಾಗಿ ಬಂದ ಚಂದ್ರಹಾಸ ಮೂರನೇ ದಿನ ಕೆಲಸ ನೋಡಲು ಹೋದ. ದುರ್ಗಾಪ್ರಸಾದ ಗುಜರಿಗೆ ಬಿದ್ದ ಎರಡು ಅಂಬಾಸಿಡರುಗಳಿಂದ ಎರಡು ಕಾರ್ಬೊರೇಟರು ಬಿಚ್ಚಿ ತಂದಿದ್ದ. ಅವನ್ನು ಎಂಜಿನ್ನಿಗೆ ಜೋಡಿಸುವ ಕವಲು ಕೊಳವೆಯನ್ನು ತಾನೇ ಎರಕ ಹೊಯ್ಯಿಸಿ, ಲೇತಿನಲ್ಲಿ ತಿರುವಿದ್ದ. ಎಂಜಿನ್ ಚಾಲೂ ಮಾಡಿ, ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಒಂದೊಂದೇ ಕಾರ್ಬೊರೇಟರಿನ ಬಾಯಿಗೆ ಹಿಡಿದು ಗಾಳಿಯ ಸದ್ದು ಕೇಳುತ್ತಿದ್ದ.

"ಏನೋ ಇದು, ಎಂಜಿನ್ನಿಗೆ ಕೆಮ್ಮು ಬಂದೈತಾ?" ಅಂದ ಚಂದ್ರಹಾಸ.

"ಎರಡೂ ಸಮ ಉಸಿರು ಎಳೀಬೇಕು ಬಾವಗಾರು. ಒಂದು ಜಾಸ್ತಿ ಎಳದ್ರೆ ಇನ್ನೊಂದು ಸೋಮಾರಿ ಆಗ್ತದೆ."

"ಇದಕ್ಕೆಲ್ಲ ಮೀಟರ್ ಇರ್ತಾವೆ. ಕಿವಿ ಇಟ್ಟು ಎಂಜಿನಿಯರಿಂಗ್ ಮಾಡೋದು ನಿಮ್ಮ ಆಟೋನಗರದಾಗೆ ಮಾತ್ರ."

"ಹೌದು ಬಾವಗಾರು," ಅಂದ ದುರ್ಗಾಪ್ರಸಾದ, ಕಿವಿಯಿಂದ ಕೊಳವೆ ತೆಗೆಯದೆ. ಅಕ್ಕನ ಗಂಡನನ್ನು ಗೌರವದಿಂದ ಹಾಗೆ ಕರೆಯುವುದು ಅವನ ರೂಢಿ.

ಆ ಮನೆಯಲ್ಲಿ ಅಳಿಯನ ಮಾತಿಗೆ ಎದುರು ಮಾತಿರಲಿಲ್ಲ. ಅಳಿಯ ಸಾರಿಗೆ ಉಪ್ಪಿಲ್ಲ ಅಂದರೆ ಉಪ್ಪಿಲ್ಲ. ಅತ್ತೆ ರತ್ನಮ್ಮ ಬಳ್ಳಾರಿಯವರು, ಅವರೂ ಈ ಪದ್ಧತಿಗೆ ಒಗ್ಗಿಹೋಗಿದ್ದರು. ಇದನ್ನು ಚಂದ್ರಹಾಸ ಪದ್ಧತಿಯೆಂದು ಎಂದೂ ಎಣಿಸಿರಲಿಲ್ಲ. ತನ್ನ ಮಾತು ಸರಿಯಿರುವುದರಿಂದ ಯಾರೂ ಎದುರಾಡುತ್ತಿಲ್ಲವೆಂದು ನಂಬಿದ್ದ.

ಗಾಡಿ ಪಟಮಟದ ಮಾವನ ಮನೆಯಂಗಳಕ್ಕೆ ಬಂತು. ಮರುದಿನ ಬೆಳಿಗ್ಗೆ ದುರ್ಗಾಪ್ರಸಾದ ಅದನ್ನು ವಿಶಾಖಪಟ್ಟಣಕ್ಕೆ ಸಾಗಿಸಲು ಲಾರಿ ಗೊತ್ತುಮಾಡಲು ಹೋಗಿದ್ದಾಗ ಚಂದ್ರಹಾಸ ಬಾನೆಟ್ ಎತ್ತಿ ನೋಡಿದ. ಪ್ರತಿ ಕಾರ್ಬೊರೇಟರಿನ ಮೇಲೂ ಗಂಟೆಯ ಆಕಾರದ ಒಂದು ಟೋಪಿ. ಟೋಪಿಯೊಳಗೆ ಏರಿಳಿಯುವ ಪಿಸ್ಟನ್ನು. ಒಂದು ಟೋಪಿಯ ಅಂಚಿನಲ್ಲಿ ಉಳಿಯಿಂದ ಹೊಡೆದ ಒಂದು ಚುಕ್ಕೆ, ಇನ್ನೊಂದರಲ್ಲಿ ಎರಡು. ಕಳಚಿದರೆ ಒಳಗಿನ ಪಿಸ್ಟನ್ನುಗಳ ಮೇಲೂ ಹಾಗೆಯೇ. ಅವನಿಗೆ ಮೈ ಉರಿಯಿತು. ಇಡೀ ಕಾರ್ಖಾನೆ ಬಾನೆಟ್ ಎತ್ತಿ ನೋಡುವ ಗಾಡಿ ಇದು. ಎತ್ತಿನ ಕೊಂಬಿಗೆ ಗುರುತು ಹಾಕಿದ ಹಾಗೆ ಹಾಕಿದ್ದಾನೆ ಅನಾಗರಿಕ.

ಮರಳು ಕಾಗದ ತಂದು ಕೂತ. ನಾಲ್ಕೂ ತುಂಡುಗಳನ್ನು ಒಂದೇ ತಟ್ಟೆಯಲ್ಲಿ ಹಾಕಿಕೊಂಡು, ಚುಕ್ಕೆಗಳು ಅಳಿಯುವ ತನಕ ಉಜ್ಜಿದ. ಪಾಲಿಶ್ ಹಚ್ಚಿ ಹೊಳೆಸಿದ. ಕೈಗೆ ಸಿಕ್ಕಿದ ಟೋಪಿಯೊಳಗೆ ಕೈಗೆ ಸಿಕ್ಕಿದ ಪಿಸ್ಟನ್ ಇಳಿಸಿ ತಿರುಪು ಬಿಗಿದ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಈಶ್ವರಯ್ಯ ಎರಡು ಮೂರು ಸಲ ತಲೆಯೆತ್ತಿ ನೋಡಿದರು.

"ಬೆಳ್ಳಿ ಹಾಗೆ ಆಯ್ತು ಅಲ್ಲುಡುಗಾರು," ಅಂದರು. ತೆಲುಗಿನಲ್ಲಿ ಅಳಿಯನನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

ಮಧ್ಯಾಹ್ನ ಬಂದ ದುರ್ಗಾಪ್ರಸಾದ ಬಾನೆಟ್ಟಿನೊಳಗೆ ನೋಡಿ ಟೋಪಿಗಳ ಅಂಚಿನ ಮೇಲೆ ಬೆರಳಾಡಿಸಿದ.

"ಬಾವಗಾರು, ಚುಕ್ಕೆ ಇದ್ದವು."

"ಇದ್ದವು. ತೆಗದೆ. ಗಾಡಿ ಏನು ನಿನ್ನ ಸ್ಲೇಟಾ?"

"ಅಲ್ಲ ಬಾವಗಾರು. ಒಂದೊಂದು ಪಿಸ್ಟನ್ನಿಗೆ ಒಂದೊಂದು ಟೋಪಿ... ಎತ್ತಿ ಬಿಟ್ಟು ನೋಡೋಣವಾ? ಟಕ್ ಅಂತ ಬೀಳಬೇಕು."

"ನೋಡಿದೀನಿ. ಬಿತ್ತು. ಇನ್ನೇನು, ಅದಕ್ಕೂ ಕೊಳವೆ ಹಿಡಿದು ಕೇಳ್ತೀಯಾ?"

ಅಡುಗೆಮನೆಯ ಬಾಗಿಲಲ್ಲಿ ರತ್ನಮ್ಮ, ರಾಜ್ಯಲಕ್ಷ್ಮಿ ಇಬ್ಬರೂ ನಿಂತಿದ್ದರು. ಅಕ್ಕನ ಗಂಡನ ತಪ್ಪನ್ನು ಅಕ್ಕನ ಎದುರು ಎತ್ತಿ ತೋರಿಸುವುದು ದುರ್ಗಾಪ್ರಸಾದನಿಂದ ಆಗುವ ಕೆಲಸವಲ್ಲ. ಅವನು ಬಾನೆಟ್ ಮುಚ್ಚಿ ಲಾರಿಗೆ ಹಗ್ಗ ತರಲು ಹೋದ. ಉತ್ತರ ಗೊತ್ತಿಲ್ಲದವರು ಹೀಗೆಯೇ ಹಗ್ಗ ತರಲು ಹೋಗುತ್ತಾರೆ ಎಂದುಕೊಂಡ ಚಂದ್ರಹಾಸ.

ಭಾನುವಾರ ದುವ್ವಾಡದ ಆಚೆಯ ರಸ್ತೆಯ ಎರಡೂ ಬದಿ ಜನ. ಖರೀದಿ ವಿಭಾಗದವರು ಹೆಂಡತಿ ಮಕ್ಕಳ ಸಮೇತ ಬಂದಿದ್ದರು. ಕ್ಲಬ್ಬಿನ ಕಾರ್ಯದರ್ಶಿ ರಾಮಮೋಹನ್, ಮೈಕಿನಲ್ಲಿ ಚಂದ್ರಹಾಸನ ಹೆಸರನ್ನು ಬಿ.ಇ. ಸಮೇತ ಓದಿದ. ಓಡಿಸುವವನೇ ಹಾಗೆಂದು ಬರೆದುಕೊಟ್ಟಿದ್ದ. ಬಾನೆಟ್ ಎತ್ತಿ ತೋರಿಸಿದ್ದಾಯಿತು. 'ಎರಡು ಕಾರ್ಬೊರೇಟರ್. ಟ್ಯೂನಿಂಗ್ ನಮ್ಮದೇ' ಎಂದು ನಾಲ್ಕು ಕಡೆ ಹೇಳಿದ್ದಾಯಿತು. ಹೆಲ್ಮೆಟ್ ಹಾಕಿಕೊಂಡು ಕೂತ.

ಮೊದಲ ಇನ್ನೂರು ಮೀಟರು ಗಾಡಿ ಸೊಗಸಾಗಿ ಹೋಯಿತು. ಎಂಜಿನ್ ಬಿಸಿಯೇರಿತು. ಆಮೇಲೆ ಹಿಂದಿನ ಕಾರ್ಬೊರೇಟರಿನ ಪಿಸ್ಟನ್ನು ತನ್ನದಲ್ಲದ ಟೋಪಿಯಲ್ಲಿ ಮೇಲಕ್ಕೆ ಹೋದದ್ದು ಅಲ್ಲೇ ಕಚ್ಚಿಕೊಂಡಿತು. ಗಾಡಿ ಒಮ್ಮೆ ಜಗ್ಗಿತು, ಕೆಮ್ಮಿತು, ಹಿಂದಿನ ಕೊಳವೆಯಿಂದ ಢಮ್ಮೆಂದು ಸದ್ದು ಬಿಟ್ಟಿತು. ಮಕ್ಕಳು ನಕ್ಕವು. ಉಳಿದ ದೂರವನ್ನು ಅದು ಮುಗ್ಗರಿಸುತ್ತ, ಬೀದಿ ನಾಯಿಯೊಂದು ಪಕ್ಕದಲ್ಲೇ ಓಡಿಬರುವಷ್ಟು ನಿಧಾನವಾಗಿ ಮುಗಿಸಿತು. ಹದಿನಾಲ್ಕು ಗಾಡಿಗಳಲ್ಲಿ ಹದಿನಾಲ್ಕನೆಯದು.

ಎರಡನೇ ಓಟಕ್ಕೆ ಅರ್ಧ ಗಂಟೆಯಿತ್ತು. ಸುತ್ತ ಜನ ಸೇರಿದರು. ದುರ್ಗಾಪ್ರಸಾದ ಬಾನೆಟ್ ಎತ್ತಿ, ಹಿಂದಿನ ಟೋಪಿ ಕಳಚಿ, ಪಿಸ್ಟನ್ನು ಅಂಟಿಕೊಂಡಿರುವುದನ್ನು ಬೆರಳಿನಿಂದ ಒತ್ತಿ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ: "ಜೋಡಿ ಅದಲು ಬದಲು ಆಗಿದೆ ಬಾವಗಾರು. ಐದು ನಿಮಿಷದ ಕೆಲಸ."

"ಅದಲು ಬದಲಾ?" ಎಂದು ಪಕ್ಕದಿಂದ ಖರೀದಿ ವಿಭಾಗದ ಅಶೋಕ ಇಣುಕಿದ. "ಯಾರು ಮಾಡಿದ್ದು ಸಾರ್?"

ಚಂದ್ರಹಾಸನಿಗೆ ಆ ಕ್ಷಣ ಎಲ್ಲ ಅರ್ಥವಾಯಿತು. ಚುಕ್ಕೆ, ತಟ್ಟೆ, ತನ್ನ ಕೈ, ಎಲ್ಲ. ಅರ್ಥವಾದಷ್ಟೇ ಬೇಗ ಬಾಯಿಗೆ ಮಾತೂ ಬಂತು.

"ಇವನೇ ಮತ್ತೆ. ಎಂಟನೇ ಕ್ಲಾಸು. ಇಂಥವರ ಕೈಗೆ ಕೊಟ್ರೆ ಹಿಂಗೇ ಆಗೋದು. ಏನೋ ದುರ್ಗ, ಜೋಡಿಸುವಾಗ ಕಣ್ಣು ಎಲ್ಲಿತ್ತು?"

ದುರ್ಗಾಪ್ರಸಾದ ಅವನ ಮುಖ ನೋಡಿದ. ಸಿಟ್ಟಿರಲಿಲ್ಲ. ಆಕ್ಸಲ್ ಮುರಿದಿದೆಯೋ ಬಾಗಿದೆಯೋ ಎಂದು ನೋಡುವವನ ಹಾಗೆ ನೋಡಿದ. ನೋಡಿ ಮುಗಿದ ಮೇಲೆ, "ಹೌದು, ನನ್ನದೇ ತಪ್ಪು," ಅಂದ. ಬಾವಗಾರು ಅನ್ನಲಿಲ್ಲ.

ಎರಡೂ ಪಿಸ್ಟನ್ನು ಹೊರಗೆ ತೆಗೆದು ಒರೆಸಿ, ಟೋಪಿ ಬದಲಿಸಿ ಎತ್ತಿ ಬಿಟ್ಟ. ಟಕ್. ಇನ್ನೊಂದು. ಟಕ್. ತಿರುಪು ಬಿಗಿದ. ಚಂದ್ರಹಾಸ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಗಾಡಿಯ ಬಾಗಿಲ ಕಡೆ ನಡೆದ. ಇನ್ನೂ ಒಂದು ಓಟವಿತ್ತು. ಮೊದಲನೆಯದನ್ನು ಜನ ಮರೆಯುವುದಕ್ಕೆ ಒಂದು ಸಾಕು.

"ಅಲ್ಲುಡುಗಾರು," ಅಂದರು ಈಶ್ವರಯ್ಯ, ಹಿಂದಿನಿಂದ. ಕೈ ಮುಗಿಯುವಷ್ಟು ಮೆತ್ತಗಿತ್ತು ದನಿ. "ತಪ್ಪು ಇವನದು. ಇವನ ತಪ್ಪಿಗೆ ನೀವು ಯಾಕೆ ಎರಡನೇ ಸಲ ತಲೆ ತಗ್ಗಿಸಬೇಕು? ಮಾಡಿದವನೇ ಓಡಿಸಿ ಸರಿ ಅಂತ ತೋರಿಸ್ಲಿ. ನೀವು ಬನ್ನಿ, ನೆರಳಲ್ಲಿ ಕೂತ್ಕೊಳ್ಳಿ."

"ಪರವಾಗಿಲ್ಲ ಮಾವ, ಈಗ ಸರಿ ಆಗೈತಲ್ಲ, ನಾನೇ..."

"ಛೆ ಛೆ. ಬಿಸಿಲು. ಅಳಿಯಂದಿರು ನಿಂತಿರೋದು ನೋಡೋಕೆ ಆಗಲ್ಲ ನನಗೆ." ಹಾಗೆನ್ನುತ್ತ ಈಶ್ವರಯ್ಯ ಅವನ ಕಣ್ಣಲ್ಲಿ ಕಣ್ಣಿಟ್ಟರು, ಚುಕ್ಕೆ ಉಜ್ಜಿದ ದಿನ ಪೇಪರಿನ ಮೇಲಿನಿಂದ ತಲೆಯೆತ್ತಿದಾಗ ಇದ್ದ ಅದೇ ಕಣ್ಣು. ರಾಮಮೋಹನನ ಕಡೆ ತಿರುಗಿ ಹೆಸರು ಬದಲಾಯಿಸಲು ಹೇಳಿದರು. ಗಾಡಿ ಅವರದ್ದು, ಕ್ಲಬ್ಬಿಗೆ ಅಡ್ಡಿಯಿರಲಿಲ್ಲ.

ಯಾರೋ ಕುರ್ಚಿ ತಂದರು. ಯಾರೋ ಕೊಡೆ ಹಿಡಿದರು. ಚಂದ್ರಹಾಸನಿಗೆ ಹೇಳಲು ಒಂದೇ ಒಂದು ನಿಜ ಬಾಕಿಯಿತ್ತು. ಅದನ್ನು ಹೇಳಿದರೆ ಬಹುಶಃ ಸೀಟು ಸಿಗುತ್ತಿತ್ತೇನೋ. ಆದರೆ ಅಶೋಕ ಇನ್ನೂ ಅಲ್ಲೇ ನಿಂತಿದ್ದ. ಚಂದ್ರಹಾಸ ಕುರ್ಚಿಯಲ್ಲಿ ಕೂತ.

ದುರ್ಗಾಪ್ರಸಾದ ಬಂದು ಎದುರು ಬಗ್ಗಿದ. "ಹೆಲ್ಮೆಟ್ ಕೊಡಿ."

ಪಟ್ಟಿಯ ಕೊಂಡಿ ಬಿಚ್ಚಲು ಚಂದ್ರಹಾಸನ ಬೆರಳಿಗೆ ಆಗಲಿಲ್ಲ. ದುರ್ಗಾಪ್ರಸಾದ ತಾನೇ ಕೈ ಹಾಕಿದ, ಪೆಟ್ರೋಲು ವಾಸನೆಯ ಕೈ. ಬಿ.ಇ. ಮೆಕ್ಯಾನಿಕಲ್ ಅವನಿಗೆ ಗದ್ದ ಎತ್ತಿಕೊಟ್ಟ.

ಗಾಡಿ ಹೋದ ಸದ್ದಿಗೆ ಜನ ಎದ್ದು ನಿಂತರು. ಮೂರನೇ ಸ್ಥಾನ ಎಂದು ಮೈಕು ಹೇಳಿತು. ರತ್ನಮ್ಮ ಪಕ್ಕದ ಹೆಂಗಸಿಗೆ, ಅಷ್ಟೂ ಜನಕ್ಕೆ ಕೇಳುವ ಹಾಗೆ ಹೇಳುತ್ತಿದ್ದರು: "ನಮ್ಮ ಅಳಿಯಂದಿರದು ದೊಡ್ಡ ಮನಸ್ಸು ಕಣಮ್ಮ. ತಪ್ಪು ಮಾಡಿದ ಹುಡುಗನಿಗೇ ಗಾಡಿ ಬಿಟ್ಟುಕೊಟ್ರು."

ಕೇಳಿದವರೆಲ್ಲ ಚಂದ್ರಹಾಸನ ಕಡೆ ತಿರುಗಿದರು. ಅವನು ಸಣ್ಣಗೆ ತಲೆಯಾಡಿಸಿದ.